ಚದುರಿದ ಬೆಳಕನ್ನು ಓದಿದ ಸರ್ ಸಿ.ವಿ. ರಾಮನ್



ಪ್ರತಿ ವರ್ಷ ಫೆಬ್ರವರಿ 28ರಂದು ನೀವು ಶಾಲೆಯಲ್ಲಿ ರಾಷ್ಟ್ರೀಯ ವಿಜ್ಞಾನ ದಿನ ಆಚರಿಸುತ್ತೀರಿ. ಅದು ಯಾರ ಹುಟ್ಟುಹಬ್ಬವೂ ಅಲ್ಲ, ಒಂದು ಸಂಶೋಧನೆಯ ದಿನ. ಅದನ್ನು ಮಾಡಿದವರು ಸರ್ ಚಂದ್ರಶೇಖರ ವೆಂಕಟ ರಾಮನ್.

ರಾಮನ್ 1888ರ ನವೆಂಬರ್ 7ರಂದು ತಿರುಚಿರಾಪಳ್ಳಿಯಲ್ಲಿ ಜನಿಸಿದರು. ತಂದೆ ಉಪನ್ಯಾಸಕರು. 1907ರಲ್ಲಿ ಮದರಾಸಿನಲ್ಲಿ ಎಂ.ಎ. ಮುಗಿಸಿದರು. ವಿಜ್ಞಾನ ಓದಿದವರಿಗೆ ನೌಕರಿ ಸುಲಭವಾಗಿ ಸಿಗುತ್ತಿದ್ದ ಕಾಲ ಅದಲ್ಲ. ಹಣಕಾಸು ಇಲಾಖೆಯ ಪರೀಕ್ಷೆ ಪಾಸಾಗಿ ಕಲ್ಕತ್ತೆಯಲ್ಲಿ ಅಧಿಕಾರಿಯಾದರು. ಹಗಲು ಕಚೇರಿ, ಬೆಳಿಗ್ಗೆ ಮತ್ತು ಸಂಜೆ ಪ್ರಯೋಗಾಲಯ. ಹೀಗೆ ಹತ್ತು ವರ್ಷ ದುಡಿದರು. 1917ರಲ್ಲಿ ಆ ದೊಡ್ಡ ಹುದ್ದೆಯನ್ನು ಬಿಟ್ಟು, ಕಡಿಮೆ ಸಂಬಳಕ್ಕೆ ಕಲ್ಕತ್ತಾ ವಿಶ್ವವಿದ್ಯಾಲಯದ ಪ್ರಾಧ್ಯಾಪಕರಾದರು.

1921ರಲ್ಲಿ ಯುರೋಪಿನಿಂದ ಹಡಗಿನಲ್ಲಿ ಮರಳುವಾಗ ಮೆಡಿಟರೇನಿಯನ್ ಸಮುದ್ರದ ನೀಲಿ ಅವರ ಗಮನ ಸೆಳೆಯಿತು. ಆಕಾಶದ ಬಣ್ಣವೇ ನೀರಿನಲ್ಲಿ ಕಾಣುತ್ತದೆ ಎಂದು ಪ್ರಸಿದ್ಧ ವಿಜ್ಞಾನಿ ರೇಲಿ ಹೇಳಿದ್ದರು. ರಾಮನ್ ಆ ಮಾತನ್ನು ಹಾಗೆಯೇ ಒಪ್ಪಲಿಲ್ಲ. ಒಂದು ಸಣ್ಣ ಪಟ್ಟಕದಿಂದ ಆಕಾಶದ ಪ್ರತಿಬಿಂಬವನ್ನು ತಡೆದು ನೋಡಿದರು. ನೀಲಿ ಹಾಗೆಯೇ ಉಳಿದಿತ್ತು! ನೀರಿನ ಅಣುಗಳೇ ಬೆಳಕನ್ನು ಚದುರಿಸುತ್ತಿದ್ದವು. ಸಾವಿರ ವರ್ಷಗಳ ಹಿಂದೆ ಬಸ್ರಾದ ಇಬ್ನುಲ್ ಹೈಸಮ್ ಬೆಳಕಿನ ವಿಷಯದಲ್ಲಿ ಹಿಡಿದದ್ದೂ ಇದೇ ದಾರಿ: ಯಾರು ಹೇಳಿದರೂ ಪರೀಕ್ಷಿಸಿ ನಂಬುವುದು.

ಏಳು ವರ್ಷಗಳ ನಂತರ, 1928ರ ಫೆಬ್ರವರಿ 28ರಂದು, ಶಿಷ್ಯ ಕೆ.ಎಸ್. ಕೃಷ್ಣನ್ ಅವರೊಂದಿಗೆ ದೊಡ್ಡ ಫಲ ಸಿಕ್ಕಿತು. ಅಣುವಿಗೆ ಬಡಿದು ಚದುರುವ ಬೆಳಕಿನಲ್ಲಿ ಅತಿ ಸಣ್ಣ ಪಾಲು ಬಣ್ಣ ಬದಲಿಸಿಕೊಳ್ಳುತ್ತದೆ. ಎಷ್ಟು ಬದಲಾಯಿತು ಎಂಬುದು ಆ ಅಣುವಿನ ಕಂಪನವನ್ನು ಅವಲಂಬಿಸಿದೆ. ಹೆಬ್ಬೆಟ್ಟಿನ ಗುರುತಿನಂತೆ ಪ್ರತಿ ವಸ್ತುವಿಗೂ ತನ್ನದೇ ಗುರುತು. ನಮ್ಮ ಶಹಾಬಾದಿನ ಪರಸಿ, ವಾಡಿ, ಸೇಡಂ, ಚಿತ್ತಾಪುರ ಭಾಗದ ಸುಣ್ಣದಕಲ್ಲು ಯಾವ ಖನಿಜದ್ದೆಂದು ಕಲ್ಲನ್ನು ಪುಡಿ ಮಾಡದೆಯೇ ಈ ವಿಧಾನದಿಂದ ಹೇಳಬಹುದು. ಇದಕ್ಕಾಗಿ ಅವರಿಗೆ 1930ರಲ್ಲಿ ನೊಬೆಲ್ ಪ್ರಶಸ್ತಿ ಬಂತು.

ರಾಡಾರಿನ ಕೆಲಸವೂ ಇದಕ್ಕೆ ಹತ್ತಿರದ್ದು. ಅಲ್ಲಿ ಬೆಳಕಿನ ಬದಲು ರೇಡಿಯೋ ತರಂಗ, ಅಣುವಿನ ಬದಲು ವಿಮಾನ. ತರಂಗ ಮರಳಲು ಹಿಡಿದ ಸಮಯದಿಂದ ದೂರ, ಕಂಪನಾಂಕದ ಬದಲಾವಣೆಯಿಂದ ವೇಗ, ಚದುರಿದ ರೀತಿಯಿಂದ ಆಕಾರದ ಸುಳಿವು ಸಿಗುತ್ತದೆ. ವಿಧಾನ ಬೇರೆಯಾದರೂ ಮೂಲ ವಿಚಾರ ಒಂದೇ: ಚದುರಿದ ತರಂಗವು ತಾನು ಮುಟ್ಟಿದ ವಸ್ತುವಿನ ಸುದ್ದಿ ತರುತ್ತದೆ.

1933ರಲ್ಲಿ ರಾಮನ್ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿ ಬಂದರು. ಇಲ್ಲಿ ಒಂದು ಕಹಿ ಸಂಗತಿಯನ್ನೂ ನೀವು ತಿಳಿಯಬೇಕು. ಅದೇ ವರ್ಷ ಪ್ರವೇಶ ಕೇಳಿದ ಕಮಲಾ ಭಾಗವತ್ ಅವರಿಗೆ, ಹೆಣ್ಣುಮಗಳು ಎಂಬ ಕಾರಣಕ್ಕೆ ಮೊದಲು ನಿರಾಕರಿಸಿದರು. ಕಮಲಾ ಪಟ್ಟು ಬಿಡಲಿಲ್ಲ. ಷರತ್ತುಗಳ ಮೇಲೆ ಸೇರಿ, ಕೆಲಸದಿಂದಲೇ ಉತ್ತರ ಕೊಟ್ಟರು. 1939ರಲ್ಲಿ ಕೇಂಬ್ರಿಡ್ಜ್‌ನಲ್ಲಿ ಪಿಎಚ್.ಡಿ. ಪಡೆದರು. ಮುಂದೆ ಅನ್ನಾ ಮಣಿ ಅವರಂಥ ಮಹಿಳೆಯರು ರಾಮನ್ ಅವರ ಪ್ರಯೋಗಾಲಯದಲ್ಲಿಯೇ ಸಂಶೋಧನೆ ಮಾಡಿದರು.

1954ರಲ್ಲಿ ಭಾರತರತ್ನ ಪಡೆದ ರಾಮನ್ 1970ರ ನವೆಂಬರ್ 21ರಂದು ಬೆಂಗಳೂರಿನಲ್ಲಿ ನಿಧನರಾದರು.

ವಿದ್ಯಾರ್ಥಿಗಳೇ, ದೊಡ್ಡ ಪ್ರಯೋಗಾಲಯ ಇಲ್ಲವೆಂದು ಕೈಕಟ್ಟಿ ಕೂಡಬೇಡಿ. ಸಮುದ್ರದ ನೀಲಿಯ ಉತ್ತರ ಅಂಗೈಯಗಲದ ಉಪಕರಣದಲ್ಲಿ ಸಿಕ್ಕಿತು. ಪಾಲಕರೇ, ಸೇಡಂ ಇರಲಿ, ಚಿಂಚೋಳಿ ಇರಲಿ, ವಿಜ್ಞಾನ ಓದುತ್ತೇನೆ ಎನ್ನುವ ಮಗಳಿಗೆ ಬಾಗಿಲು ಮುಚ್ಚಬೇಡಿ. ಇಲ್ಮ್ ಇಬ್ಬರಿಗೂ ಸೇರಿದ್ದು.