ಸರ್ ರೊನಾಲ್ಡ್ ರಾಸ್ ಮತ್ತು ನಮ್ಮ ಮಲೆನಾಡಿನ ಜ್ವರ

ಚಿಕ್ಕಮಗಳೂರು, ಮೂಡಿಗೆರೆ, ಕಳಸ ಎಂದೊಡನೆ ಇಂದು ಹೊರಗಿನವರ ಕಣ್ಣಮುಂದೆ ನಿಲ್ಲುವುದು ಕಾಫಿಯ ಬಿಳಿಯ ಹೂವು, ಮಂಜು ಮುಸುಕಿದ ಬೆಟ್ಟ, ತುಂಬಿ ಹರಿಯುವ ಭದ್ರೆ. ಆದರೆ ಎರಡು ಮೂರು ತಲೆಮಾರುಗಳ ಹಿಂದೆ ಇದೇ ಹೆಸರುಗಳನ್ನು ಕೇಳಿದರೆ ಬಯಲುಸೀಮೆಯ ಜನ ಬೆಚ್ಚುತ್ತಿದ್ದರು. ಮಲೆನಾಡಿಗೆ ಹೆಣ್ಣು ಕೊಡಲು ಹಿಂಜರಿಯುತ್ತಿದ್ದರು. ಸರ್ಕಾರಿ ನೌಕರರು ಇಲ್ಲಿಗೆ ವರ್ಗವಾದರೆ ಅದನ್ನು ಶಿಕ್ಷೆಯೆಂದೇ ಭಾವಿಸುತ್ತಿದ್ದರು. ಕಾರಣ ಒಂದೇ: ಚಳಿಜ್ವರ. ಕಳಸದ ಕಡೆಯವನಾದ ನಾನು ನನ್ನ ಅಜ್ಜಿಯ ಬಾಯಿಂದ ಜ್ವರಗಡ್ಡೆ ಎಂಬ ಮಾತನ್ನು ಎಷ್ಟೋ ಸಲ ಕೇಳಿದ್ದೇನೆ. ಪದೇ ಪದೇ ಜ್ವರ ಬಂದು ಗುಲ್ಮ ಊದಿಕೊಂಡು ಹೊಟ್ಟೆಯ ಎಡಭಾಗದಲ್ಲಿ ಗಡ್ಡೆಯಂತೆ ಕೈಗೆ ಸಿಗುತ್ತಿತ್ತಂತೆ. ಆಕೆಯ ಬಾಲ್ಯದಲ್ಲಿ ಅದಿಲ್ಲದ ಮಕ್ಕಳೇ ಅಪರೂಪವಾಗಿದ್ದರಂತೆ. ಆ ಜ್ವರ ಎಲ್ಲಿಂದ ಬರುತ್ತದೆಂದು ಯಾರಿಗೂ ತಿಳಿಯದು. ಕಾಡಿನ ಗಾಳಿಯೆಂದರು, ಕೊಳೆತ ಎಲೆಯ ನೀರೆಂದರು, ದೆವ್ವದ ಕಾಟವೆಂದರು. ಪಾಶ್ಚಾತ್ಯರಾದರೂ ಇದಕ್ಕಿಂತ ಮುಂದೆ ಹೋಗಿರಲಿಲ್ಲ. ಮಲೇರಿಯ ಎಂಬ ಇಟಲಿಯ ಪದಕ್ಕೆ ಕೆಟ್ಟ ಗಾಳಿಯೆಂದೇ ಅರ್ಥ.

ಈ ಕತ್ತಲೆಯನ್ನು ಕಳೆದ ಮಹನೀಯರ ಜೀವನವನ್ನು ಇಲ್ಲಿ ಸಂಕ್ಷೇಪವಾಗಿ ಹೇಳಬಯಸುತ್ತೇನೆ. ಅವರೇ ಸರ್ ರೊನಾಲ್ಡ್ ರಾಸ್. ಅವರ ಹೆಸರನ್ನು ನಾವೆಲ್ಲರೂ ಪಾಠಪುಸ್ತಕದ ಒಂದು ಸಾಲಿನಲ್ಲಿ ಓದಿ ಮರೆತಿದ್ದೇವೆ. ಅವರ ಕಥೆಯ ಮೊದಲ ಸುಳಿವು ನಮ್ಮ ಬೆಂಗಳೂರಿನಲ್ಲೇ ಇತ್ತೆಂಬುದು ಅನೇಕರಿಗೆ ತಿಳಿದಿರಲಾರದು.

ರಾಸ್‌ರವರು 1857ನೆಯ ಮೇ 13ರಂದು ಹಿಮಾಲಯದ ತಪ್ಪಲಿನ ಅಲ್ಮೋರದಲ್ಲಿ ಜನಿಸಿದರು. ಮೀರತ್ತಿನಲ್ಲಿ ಸಿಪಾಯಿಗಳು ದಂಗೆಯೆದ್ದು ಆಗಿನ್ನೂ ಮೂರು ದಿನವಾಗಿತ್ತು. ತಂದೆ ಸೈನ್ಯದ ಅಧಿಕಾರಿ. ಎಂಟನೆಯ ವಯಸ್ಸಿನಲ್ಲಿ ಬಾಲಕನನ್ನು ವಿದ್ಯಾಭ್ಯಾಸಕ್ಕಾಗಿ ಇಂಗ್ಲೆಂಡಿಗೆ ಕಳುಹಿಸಿದರು. ಹುಡುಗನಿಗೆ ಕಾವ್ಯ, ಚಿತ್ರಕಲೆ, ಸಂಗೀತ, ಗಣಿತಗಳಲ್ಲಿ ಆಸಕ್ತಿ. ವೈದ್ಯನಾಗುವ ಬಯಕೆ ಎಳ್ಳಷ್ಟೂ ಇರಲಿಲ್ಲ. ಆದರೆ ತಂದೆಯ ಆಜ್ಞೆಯನ್ನು ಮೀರುವಂತಿರಲಿಲ್ಲ. ಲಂಡನ್ನಿನ ಸೇಂಟ್ ಬಾರ್ಥೊಲೊಮ್ಯೂ ಆಸ್ಪತ್ರೆಯಲ್ಲಿ ಓದಿದರೂ ಮನಸ್ಸು ಪದ್ಯರಚನೆಯಲ್ಲಿ. ಒಂದು ಪರೀಕ್ಷೆಯಲ್ಲಿ ನಪಾಸಾಗಿ ಕೆಲಕಾಲ ಹಡಗಿನ ವೈದ್ಯರಾಗಿಯೂ ದುಡಿದರು. ಕಡೆಗೆ 1881ರಲ್ಲಿ ಭಾರತೀಯ ವೈದ್ಯ ಸೇವೆಗೆ ಸೇರಿ ಮದರಾಸು ಪ್ರಾಂತಕ್ಕೆ ಬಂದರು. ಕಲಾವಿಭಾಗದ ವಿದ್ಯಾರ್ಥಿಗಳಾದ ನಮಗೆ ಇದು ಸಂತೋಷದ ಸಂಗತಿಯಲ್ಲವೆ? ಜಗತ್ತಿನ ಒಂದು ಮಹಾರೋಗದ ಗುಟ್ಟನ್ನು ಬಿಡಿಸಿದವರು ಮೂಲತಃ ನಮ್ಮ ಪಂಗಡದವರೇ.

1883ರಲ್ಲಿ ಅವರಿಗೆ ಬೆಂಗಳೂರಿನ ದಂಡಿನಲ್ಲಿ ತಾತ್ಕಾಲಿಕ ವೈದ್ಯರ ಹುದ್ದೆ ದೊರೆಯಿತು. ವಾಸಕ್ಕೆ ಸಿಕ್ಕಿದ ಬಂಗಲೆ ಸೊಗಸಾಗಿತ್ತು, ಆದರೆ ಸೊಳ್ಳೆಗಳ ಕಾಟ ಸಹಿಸಲಸಾಧ್ಯ. ಬೇರೆಯವರಾಗಿದ್ದರೆ ವಿಧಿಯನ್ನು ಹಳಿದು ಸುಮ್ಮನಾಗುತ್ತಿದ್ದರೇನೋ. ರಾಸ್‌ರವರು ಹುಡುಕಿದರು. ಕಿಟಕಿಯ ಹೊರಗೆ ನೀರು ತುಂಬಿದ್ದ ಒಂದು ತೊಟ್ಟಿಯಲ್ಲಿ ಸೊಳ್ಳೆಯ ಮರಿಗಳು ಕಿಲಿಬಿಲಿಗುಟ್ಟುತ್ತಿದ್ದವು. ತೊಟ್ಟಿಯನ್ನು ಮಗುಚಿಹಾಕಿದರು, ಸೊಳ್ಳೆಗಳು ತಗ್ಗಿದವು. ಸೈನ್ಯದ ಭೋಜನಶಾಲೆಯ ಸುತ್ತಲ ಪಾತ್ರೆಗಳನ್ನೂ ಹೀಗೆಯೇ ಬರಿದುಮಾಡಿಸಬೇಕೆಂದು ಸೈನ್ಯಾಧಿಕಾರಿಯೊಬ್ಬನನ್ನು ಕೇಳಿಕೊಂಡಾಗ ಆತ ಒಪ್ಪಲಿಲ್ಲ. ಸೃಷ್ಟಿಯಲ್ಲಿ ಸೊಳ್ಳೆಗೂ ಏನೋ ಉದ್ದೇಶವಿರಬೇಕೆಂಬುದು ಆತನ ವಾದ. ಸೊಳ್ಳೆಗೂ ಜ್ವರಕ್ಕೂ ಸಂಬಂಧವಿದೆಯೆಂದು ಆಗ ರಾಸ್‌ರವರಿಗೂ ತಿಳಿದಿರಲಿಲ್ಲ. ಆದರೂ ಅವರ ಮುಂದಿನ ಬಾಳಿನ ಎರಡು ಪಾಠಗಳು ಆ ತೊಟ್ಟಿಯಲ್ಲೇ ಇದ್ದವು: ನಿಂತ ನೀರನ್ನು ಬರಿದುಮಾಡಿದರೆ ಸೊಳ್ಳೆ ಸಾಯುತ್ತದೆ, ಸುಲಭವಾದ ಸತ್ಯವನ್ನು ಜನರಿಗೆ ಒಪ್ಪಿಸುವುದು ಮಾತ್ರ ಸುಲಭವಲ್ಲ.

ಮುಂದಿನ ಹತ್ತು ವರ್ಷ ಪದ್ಯ, ಕಾದಂಬರಿ, ಗಣಿತಗಳಲ್ಲಿ ಕಳೆಯಿತು. 1880ರಲ್ಲಿಯೇ ಲಾವೆರಾನ್ ಎಂಬ ಫ್ರೆಂಚ್ ವೈದ್ಯರು ಆಲ್ಜೀರಿಯದಲ್ಲಿ ರೋಗಿಗಳ ರಕ್ತದೊಳಗೆ ಮಲೇರಿಯದ ಪರಾವಲಂಬಿ ಜೀವಿಯನ್ನು ಕಂಡಿದ್ದರು. ರಾಸ್‌ರವರಿಗೆ ಅದು ಎಷ್ಟು ಹುಡುಕಿದರೂ ಕಾಣಲಿಲ್ಲವಾಗಿ ಅವರು ಅದನ್ನು ನಂಬಲಿಲ್ಲ. 1894ರಲ್ಲಿ ರಜೆಯ ಮೇಲೆ ಲಂಡನ್ನಿಗೆ ಹೋದಾಗ ಪ್ಯಾಟ್ರಿಕ್ ಮ್ಯಾನ್ಸನ್ ಎಂಬ ಹಿರಿಯ ವೈದ್ಯರು ಅದನ್ನು ಸೂಕ್ಷ್ಮದರ್ಶಕದಲ್ಲಿ ತೋರಿಸಿಕೊಟ್ಟರು. ಅದು ಸೊಳ್ಳೆಯೊಳಗೆ ಬೆಳೆಯಬಹುದೆಂಬ ತಮ್ಮ ಊಹೆಯನ್ನೂ ತಿಳಿಸಿದರು. ಶಿಷ್ಯನಿಗೆ ಹುಚ್ಚು ಹಿಡಿಯಿತು.

1895ರಲ್ಲಿ ಸಿಕಂದರಾಬಾದಿಗೆ ಮರಳಿದವರು ಸೊಳ್ಳೆಗಳನ್ನು ಕೊಯ್ದು ನೋಡತೊಡಗಿದರು. ಅಷ್ಟರಲ್ಲಿ ಬೆಂಗಳೂರಿನಲ್ಲಿ ಕಾಲರಾ ಹಬ್ಬಿತು. ನೈರ್ಮಲ್ಯದ ಹೊಣೆ ಹೊತ್ತು ಅಲ್ಲಿಗೆ ಹೋಗಬೇಕಾಯಿತು. ಸಂಶೋಧನೆ ನಿಂತರೂ ಪೇಟೆಯ ಚರಂಡಿ, ಬಾವಿಗಳ ನಡುವೆ ಓಡಾಡುತ್ತ ರೋಗವೆಂಬುದು ಬಡವರ ಬೀದಿಯಲ್ಲಿ ಹೇಗೆ ಬೇರೂರುತ್ತದೆಂಬುದನ್ನು ಅವರು ಕಂಡರು. 1897ರಲ್ಲಿ ನೀಲಗಿರಿಯ ಸಿಗೂರು ಘಾಟಿಯಲ್ಲಿ ಜ್ವರದ ಕಾರಣವನ್ನು ಹುಡುಕಲು ಹೋಗಿ ತಾವೇ ಜ್ವರಕ್ಕೆ ತುತ್ತಾದರು. ನಮ್ಮ ಘಟ್ಟಗಳಂಥದೇ ಕಣಿವೆ, ನಮ್ಮವರಿಗೆ ಬಂದಂಥದೇ ನಡುಕ. ಇತರರ ರೋಗವನ್ನು ಅರಿಯಹೊರಟವರಿಗೆ ಅದರ ರುಚಿಯೂ ತಿಳಿದಂತಾಯಿತು.

ಅದೇ ವರ್ಷದ ಆಗಸ್ಟ್ ತಿಂಗಳು. ಸಿಕಂದರಾಬಾದಿನಲ್ಲಿ ಸೆಕೆ. ಪಂಖಾ ಬೀಸಿದರೆ ಸೊಳ್ಳೆಗಳು ಹಾರಿಹೋಗುವುದರಿಂದ ಅದನ್ನೂ ನಿಲ್ಲಿಸಿದ್ದರು. ಹಣೆಯಿಂದ ಸುರಿದ ಬೆವರಿಗೆ ಸೂಕ್ಷ್ಮದರ್ಶಕದ ತಿರುಪುಗಳು ತುಕ್ಕು ಹಿಡಿದಿದ್ದವು, ಗಾಜು ಬಿರುಕು ಬಿಟ್ಟಿತ್ತು. ಎರಡು ವರ್ಷ ಸಾಮಾನ್ಯ ಸೊಳ್ಳೆಗಳನ್ನು ಕೊಯ್ದೂ ಕೊಯ್ದೂ ಏನೂ ದೊರೆತಿರಲಿಲ್ಲ. ಈಗ ರೆಕ್ಕೆಯ ಮೇಲೆ ಚುಕ್ಕೆಗಳಿದ್ದ ಬೇರೊಂದು ಜಾತಿಯ ಕೆಲವು ಸೊಳ್ಳೆಗಳು ಕೈಗೆ ಬಂದಿದ್ದವು. ಹುಸೇನ್ ಖಾನ್ ಎಂಬ ರೋಗಿ ಸೊಳ್ಳೆಯೊಂದಕ್ಕೆ ಒಂದಾಣೆಯಂತೆ ಪಡೆದು ಅವುಗಳಿಂದ ಕಚ್ಚಿಸಿಕೊಂಡ. ಒಂದೊಂದಾಗಿ ಸೊಳ್ಳೆಗಳು ಮುಗಿಯುತ್ತ ಬಂದವು. ಆಗಸ್ಟ್ 20ರಂದು ಒಂದು ಸೊಳ್ಳೆಯ ಜಠರದ ಗೋಡೆಯಲ್ಲಿ ದುಂಡನೆಯ ಕೋಶಗಳು ಕಂಡವು. ಅವುಗಳೊಳಗೆ ಮಲೇರಿಯದ ಜೀವಿಗೆ ವಿಶಿಷ್ಟವಾದ ಕಪ್ಪು ಕಣಗಳಿದ್ದವು. ಮರುದಿನ ಕೊಯ್ದ ಸೊಳ್ಳೆಯಲ್ಲಿ ಅವೇ ಕೋಶಗಳು ಇನ್ನೂ ದೊಡ್ಡವಾಗಿದ್ದವು. ಎಂದರೆ ಅವು ಬೆಳೆಯುತ್ತಿದ್ದವು! ಆಗಸ್ಟ್ 20ನ್ನು ಲೋಕವು ಇಂದಿಗೂ ಸೊಳ್ಳೆ ದಿನವೆಂದು ಆಚರಿಸುತ್ತದೆ.

ಗೆಲುವಿನ ಬೆನ್ನಲ್ಲೇ ಸರ್ಕಾರ ಅವರನ್ನು ರಾಜಪುತಾನದ ಖೇರ್‌ವಾಡಕ್ಕೆ ವರ್ಗಮಾಡಿತು. ಅಲ್ಲಿ ಮಲೇರಿಯ ಅಪರೂಪ. 1898ರಲ್ಲಿ ಕಲ್ಕತ್ತೆಗೆ ಬಂದಾಗ ಹಕ್ಕಿಗಳ ಮಲೇರಿಯವನ್ನು ಹಿಡಿದರು. ಮಹಮ್ಮದ್ ಬಕ್ಷ್ ಎಂಬ ಸಹಾಯಕನ ನೆರವಿನಿಂದ ಆ ಜೀವಿಯ ಯಾತ್ರೆಯನ್ನು ಹೆಜ್ಜೆಹೆಜ್ಜೆಯಾಗಿ ಹಿಂಬಾಲಿಸಿದರು. ಜಠರದ ಕೋಶ ಒಡೆದು ಹೊರಬಿದ್ದ ಎಳೆಯಂಥ ಜೀವಿಗಳು ಸೊಳ್ಳೆಯ ಜೊಲ್ಲಿನ ಗ್ರಂಥಿಯನ್ನು ಸೇರುವುದನ್ನು ಜುಲೈ ತಿಂಗಳಲ್ಲಿ ಕಂಡರು. ಅಂಥ ಸೊಳ್ಳೆಗಳಿಂದ ಕಚ್ಚಿಸಿ ಆರೋಗ್ಯವಂತ ಗುಬ್ಬಚ್ಚಿಗಳಿಗೆ ರೋಗ ಬರಿಸಿಯೂ ತೋರಿಸಿದರು. ಗಾಳಿಯಲ್ಲ, ನೀರಲ್ಲ, ದೆವ್ವವಲ್ಲ, ಸೊಳ್ಳೆಯ ಕಡಿತ! ಅದೇ ವರ್ಷ ಇಟಲಿಯ ಗ್ರಾಸಿ ಮತ್ತು ಸಂಗಡಿಗರು ಮನುಷ್ಯರ ಮಲೇರಿಯವನ್ನು ಹರಡುವುದು ಅನಾಫಿಲಿಸ್ ಸೊಳ್ಳೆಯೆಂದು ಸಿದ್ಧಪಡಿಸಿದರು.

1902ರ ನೊಬೆಲ್ ಬಹುಮಾನ ರಾಸ್‌ರವರಿಗೆ ಬಂತು. ಯೂರೋಪಿನ ಹೊರಗೆ ಹುಟ್ಟಿ ಆ ಬಹುಮಾನವನ್ನು ಪಡೆದವರಲ್ಲಿ ಅವರೇ ಮೊದಲಿಗರು. ಆದರೆ ಕೀರ್ತಿ ಅವರಿಗೆ ಶಾಂತಿ ತರಲಿಲ್ಲ. ಗ್ರಾಸಿಯೊಡನೆ ಬಾಳಿನುದ್ದಕ್ಕೂ ಜಗಳ. ಗುರುವಾದ ಮ್ಯಾನ್ಸನ್‌ರೊಡನೆಯೂ ಮನಸ್ತಾಪ. ತಮ್ಮ ಶ್ರಮಕ್ಕೆ ತಕ್ಕ ಪ್ರತಿಫಲ ದೊರೆಯಲಿಲ್ಲವೆಂಬ ಕೊರಗಿನಲ್ಲಿ 1928ರಲ್ಲಿ ತಮ್ಮ ಕಾಗದಪತ್ರಗಳನ್ನು ಮಾರಿದರು. ಮಹಾಪುರುಷರ ದೋಷವನ್ನು ಮುಚ್ಚಿಡುವುದು ನನಗೆ ಇಷ್ಟವಿಲ್ಲ. ತಮ್ಮ ಹಕ್ಕಿಗಾಗಿ ಅಷ್ಟು ಹೋರಾಡಿದವರ ಪಕ್ಕದಲ್ಲಿ ಹುಸೇನ್ ಖಾನನ ಹೆಸರು ಮಾತ್ರ ಉಳಿದು, ಅವನ ಮುಂದಿನ ಬಾಳು ಮರೆಯಾಗಿಹೋದುದನ್ನು ನೆನೆದರೆ ನನಗೆ ಖೇದವಾಗುತ್ತದೆ. ಕೆಲವು ಆಣೆಗಳಿಗೆ ತನ್ನ ರಕ್ತವನ್ನು ಕೊಟ್ಟ ಆ ಬಡವನಿಗೂ ಲೋಕ ಋಣಿಯಾಗಿದೆ.

ಆದರೂ ರಾಸ್‌ರವರು ಬರಿಯ ಕೀರ್ತಿಕಾಮಿಗಳಾಗಿರಲಿಲ್ಲ. ತಿಳಿದ ಸತ್ಯವನ್ನು ಕಾರ್ಯಕ್ಕೆ ಇಳಿಸಬೇಕೆಂಬ ಛಲ ಅವರದು. ಪಶ್ಚಿಮ ಆಫ್ರಿಕಕ್ಕೂ ಸೂಯೆಜ್ ಕಾಲುವೆಯ ಇಸ್ಮಾಯಿಲಿಯಕ್ಕೂ ಹೋಗಿ ಸೊಳ್ಳೆಗಳ ವಿರುದ್ಧ ಯುದ್ಧ ಹೂಡಿದರು. ರೋಗ ಹರಡುವ ಬಗೆಯನ್ನು ಗಣಿತದಿಂದ ಲೆಕ್ಕಹಾಕಿದರು. ಸೊಳ್ಳೆಗಳನ್ನು ನಿರ್ಮೂಲಮಾಡಬೇಕಿಲ್ಲ, ಒಂದು ಮಿತಿಗಿಂತ ಕೆಳಗಿಳಿಸಿದರೆ ಸಾಕು, ರೋಗ ತಾನಾಗಿಯೇ ನಂದುತ್ತದೆಂದು ತೋರಿಸಿದರು. 1932ನೆಯ ಸೆಪ್ಟೆಂಬರ್ 16ರಂದು ಲಂಡನ್ನಿನಲ್ಲಿ, ತಮ್ಮ ಹೆಸರಿನ ಸಂಸ್ಥೆಯಲ್ಲೇ ಕಾಲವಾದರು.

ಅವರ ಬೆಳಕು ನಮ್ಮ ಘಟ್ಟಕ್ಕೂ ಬಂತು. ರಾಕ್‌ಫೆಲ್ಲರ್ ಪ್ರತಿಷ್ಠಾನದ ನೆರವಿನಿಂದ ಮೈಸೂರು ಸಂಸ್ಥಾನವು 1930ರ ಆಸುಪಾಸಿನಲ್ಲಿ ಮಲೇರಿಯ ಕೇಂದ್ರಗಳನ್ನು ನಡೆಸಿದಾಗ ಮೂಡಿಗೆರೆಯಲ್ಲಿಯೂ ಒಂದಿತ್ತು. ಮಲೆನಾಡಿನ ಮುಖ್ಯ ವೈರಿ ಅನಾಫಿಲಿಸ್ ಫ್ಲೂವಿಯಾಟಿಲಿಸ್. ಕೊಳಚೆಯಲ್ಲಲ್ಲ, ನಾವು ಪವಿತ್ರವೆಂದು ಬೊಗಸೆಯಲ್ಲಿ ಕುಡಿಯುವ ತಿಳಿನೀರಿನ ಹಳ್ಳ, ಝರಿಗಳ ಹುಲ್ಲಂಚಿನಲ್ಲಿ ಹುಟ್ಟುವ ಸೊಳ್ಳೆ ಅದು. ಕಾಫಿ ತೋಟಕ್ಕಾಗಿ ಕಾಡು ಕಡಿದು ಹಳ್ಳಗಳಿಗೆ ಬಿಸಿಲು ತೋರಿಸಿದಲ್ಲಿ ಅದಕ್ಕೆ ಅನುಕೂಲ. ಬಯಲಿನಿಂದ ದುಡಿಯಲು ಬಂದ ಕೂಲಿಯವರ ಮೈಯಲ್ಲಿ ಜ್ವರವನ್ನು ತಡೆಯುವ ಶಕ್ತಿಯಿಲ್ಲ. ಅಂಥವರ ಎಷ್ಟು ಸಮಾಧಿಗಳು ನಮ್ಮ ತೋಟಗಳ ಮಣ್ಣಿನಡಿಯಲ್ಲಿವೆಯೋ ಬಲ್ಲವರಾರು! 1947ರ ಸುಮಾರಿಗೆ ಭಾರತದಲ್ಲಿ ವರ್ಷಕ್ಕೆ ಏಳೂವರೆ ಕೋಟಿ ಜನ ಈ ಜ್ವರಕ್ಕೆ ತುತ್ತಾಗಿ ಎಂಟು ಲಕ್ಷ ಜನ ಸಾಯುತ್ತಿದ್ದರೆಂದು ಅಂದಾಜು. 1953ರಲ್ಲಿ ರಾಷ್ಟ್ರೀಯ ಮಲೇರಿಯ ನಿಯಂತ್ರಣ ಕಾರ್ಯಕ್ರಮ ಆರಂಭವಾಗಿ ಮನೆಮನೆಗೆ ಡಿ.ಡಿ.ಟಿ. ಬಂತು. 1965ರ ವೇಳೆಗೆ ರೋಗಿಗಳ ಸಂಖ್ಯೆ ಸುಮಾರು ಒಂದು ಲಕ್ಷಕ್ಕೆ ಇಳಿಯಿತು. ಆದರೆ ಎಚ್ಚರ ತಪ್ಪಿತು. ಸೊಳ್ಳೆ ಔಷಧಕ್ಕೆ ಒಗ್ಗಿಕೊಂಡಿತು. 1976ರಲ್ಲಿ ಸಂಖ್ಯೆ ಮತ್ತೆ 64 ಲಕ್ಷಕ್ಕೆ ಏರಿತು. ಬಳಿಕ ಮತ್ತೆ ಇಳಿಸಬೇಕಾಯಿತು.

ಇಂದು ಈ ಹೋರಾಟಕ್ಕೆ ಜೈವಿಕ ತಂತ್ರಜ್ಞಾನವೆಂಬ ಹೊಸ ಆಯುಧ ಬಂದಿದೆ. ರಾಸ್‌ರವರು ಗಂಟೆಗಟ್ಟಲೆ ಸೂಕ್ಷ್ಮದರ್ಶಕದ ಮುಂದೆ ಕುಳಿತು ಹುಡುಕಿದುದನ್ನು ಇಂದು ಬೆರಳಿನ ಒಂದು ಹನಿ ರಕ್ತ ಕಾಲು ಗಂಟೆಯಲ್ಲಿ ಹೇಳುತ್ತದೆ. ಪರಾವಲಂಬಿ ಜೀವಿ ಹೊರಹಾಕುವ ಪ್ರೋಟೀನನ್ನೇ ಗುರುತಿಸಿ ಹಿಡಿಯುವ ಪ್ರತಿಕಾಯಗಳನ್ನು ಪ್ರಯೋಗಶಾಲೆಯಲ್ಲಿ ತಯಾರಿಸಿ ಕಾಗದದ ಪಟ್ಟಿಯ ಮೇಲೆ ಲೇಪಿಸಿರುತ್ತಾರೆ. ಗೆರೆ ಮೂಡಿದರೆ ರೋಗವಿದೆ. ಪಿ.ಸಿ.ಆರ್. ಎಂಬ ವಿಧಾನವು ರಕ್ತದಲ್ಲಿ ಅತ್ಯಲ್ಪವಾಗಿರುವ ಜೀವಿಯ ಡಿ.ಎನ್.ಎ.ಯನ್ನು ಲಕ್ಷಾಂತರ ಪಟ್ಟು ಹೆಚ್ಚಿಸಿ ಪತ್ತೆಹಚ್ಚುತ್ತದೆ. ಚೀನಾದ ತು ಯೂಯೂ ಅವರ ತಂಡ 1972ರಲ್ಲಿ ಗಿಡವೊಂದರಿಂದ ಬೇರ್ಪಡಿಸಿದ ಆರ್ಟಿಮಿಸಿನಿನ್ ಔಷಧದ ಮೂಲದ್ರವ್ಯವನ್ನು ವಂಶವಾಹಿ ಬದಲಿಸಿದ ಯೀಸ್ಟಿನಿಂದಲೂ ತಯಾರಿಸುವುದನ್ನು ವಿಜ್ಞಾನಿಗಳು ಕಂಡುಕೊಂಡಿದ್ದಾರೆ. ವಿಶ್ವ ಆರೋಗ್ಯ ಸಂಸ್ಥೆಯು 2021ರಲ್ಲಿ ಮೊದಲ ಮಲೇರಿಯ ಲಸಿಕೆಯನ್ನೂ, 2023ರಲ್ಲಿ ಪುಣೆಯ ಸೀರಮ್ ಸಂಸ್ಥೆ ತಯಾರಿಸುವ ಎರಡನೆಯದನ್ನೂ ಆಫ್ರಿಕದಂಥ ರೋಗಪೀಡಿತ ನಾಡುಗಳ ಮಕ್ಕಳಿಗಾಗಿ ಶಿಫಾರಸು ಮಾಡಿತು. ಈ ಎರಡು ಲಸಿಕೆಗಳೂ ಯಾವ ರೂಪದ ಜೀವಿಯ ವಿರುದ್ಧ ದೇಹವನ್ನು ಸಿದ್ಧಗೊಳಿಸುತ್ತವೆ ಬಲ್ಲಿರಾ? ಕಲ್ಕತ್ತೆಯಲ್ಲಿ ರಾಸ್‌ರವರು ಸೊಳ್ಳೆಯ ಜೊಲ್ಲಿನ ಗ್ರಂಥಿಯಲ್ಲಿ ಕಂಡ ಆ ಎಳೆಯಂಥ ರೂಪದ ವಿರುದ್ಧವೇ! 1898ರ ನೋಟ ಫಲಕೊಡಲು ನೂರಿಪ್ಪತ್ತಕ್ಕೂ ಹೆಚ್ಚು ವರ್ಷ ಬೇಕಾಯಿತು.

ನಮ್ಮ ಜಿಲ್ಲೆಗೆ ಈ ಕಥೆ ಮುಗಿದಿಲ್ಲ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರಿನ ಕಾಡಿನಲ್ಲಿ ಕಾಣಿಸಿಕೊಂಡ ಮಂಗನ ಕಾಯಿಲೆ ಈಗ ಕೊಪ್ಪ, ಶೃಂಗೇರಿ, ನರಸಿಂಹರಾಜಪುರಗಳ ಕಡೆಯೂ ಜೀವಗಳನ್ನು ತೆಗೆದುಕೊಳ್ಳುತ್ತಿದೆ. ಇಲ್ಲಿ ಸೊಳ್ಳೆಯ ಬದಲು ಉಣುಗು. ರೋಗಿಯ ರಕ್ತದಲ್ಲಿ ವೈರಾಣುವಿನ ವಂಶವಾಹಿಯನ್ನು ಪಿ.ಸಿ.ಆರ್.ನಿಂದ ಬೇಗನೆ ಗುರುತಿಸಬಹುದು. ಆದರೆ ನಿರ್ದಿಷ್ಟವಾದ ಔಷಧವಿಲ್ಲ. ಹಳೆಯ ಲಸಿಕೆ ಸಾಕಷ್ಟು ಫಲಕಾರಿಯಲ್ಲವೆಂದು 2022ರಲ್ಲಿ ನಿಂತಿತು; ಹೊಸದಕ್ಕಾಗಿ ಪ್ರಯತ್ನ ನಡೆದಿದೆ. ದರಗು ಗುಡಿಸಲು, ಸೌದೆ ತರಲು ಕಾಡಿಗೆ ಹೋಗುವ ಬಡವರೇ ಇದಕ್ಕೂ ಮೊದಲ ಬಲಿ.

ಮಿತ್ರರೇ, ಪ್ರಯೋಗಶಾಲೆ ಎಷ್ಟೇ ಮುಂದುವರಿದರೂ ತೊಟ್ಟಿಯನ್ನು ಮಗುಚುವ ಕೆಲಸ ನಮಗೇ ಉಳಿದಿದೆ. ತೋಟದಲ್ಲಿ ಬಿದ್ದ ಅಡಿಕೆ ಹಾಳೆಯಲ್ಲಿ, ಹಳೆಯ ಟಯರಿನಲ್ಲಿ, ಹಿತ್ತಿಲ ಡ್ರಮ್ಮಿನಲ್ಲಿ ನಿಂತ ನೀರು ಇಂದು ಡೆಂಗಿ ಸೊಳ್ಳೆಯ ತೊಟ್ಟಿಲು. ಅದನ್ನು ಚೆಲ್ಲಲು ನೊಬೆಲ್ ಬಹುಮಾನ ಬೇಕಿಲ್ಲ. ಜ್ವರ ಬಂದಾಗ ತಡಮಾಡದೆ ರಕ್ತಪರೀಕ್ಷೆ ಮಾಡಿಸಿಕೊಳ್ಳುವುದು, ಕಾಡಿಗೆ ಹೋಗುವವರಿಗೆ ಉಣುಗಿನ ವಿಷಯ ತಿಳಿಸಿ ಹೇಳುವುದು ಇವೂ ಅಷ್ಟೇ ಸುಲಭ, ಅಷ್ಟೇ ಕಷ್ಟ. ಪದ್ಯ ಬರೆಯುತ್ತಿದ್ದ ಒಬ್ಬ ವೈದ್ಯರು ಬೆಂಗಳೂರಿನ ಒಂದು ತೊಟ್ಟಿಯಿಂದ ಆರಂಭಿಸಿ ನಮ್ಮ ಬೆಟ್ಟಗಳಿಗೂ ನೆಮ್ಮದಿಯ ದಾರಿಯನ್ನು ತೋರಿದರು. ಇಂದು ಮಲೆನಾಡಿನ ಕೂಸು ಜ್ವರಗಡ್ಡೆಯಿಲ್ಲದೆ ಬೆಳೆಯುತ್ತಿದೆ. ಆ ಭಾಗ್ಯವನ್ನು ಕಾಪಾಡಿಕೊಳ್ಳುವುದೇ ರಾಸ್‌ರವರಿಗೂ, ಹುಸೇನ್ ಖಾನನಿಗೂ, ಹೆಸರಿಲ್ಲದೆ ನಮ್ಮ ತೋಟಗಳಲ್ಲಿ ಮಣ್ಣಾದವರಿಗೂ ನಾವು ಸಲ್ಲಿಸಬಹುದಾದ ಗೌರವ.