ಪ್ರಯೋಗನಿಷ್ಠ ಹಾಫ್‌ಕಿನ್ನರು

ಮುಂಬಯಿಯ ಪರೇಲ್ ವಿಭಾಗದಲ್ಲಿ ಹಳೆಯ ಕಾಲದ ಭವ್ಯವಾದ ಕಟ್ಟಡವೊಂದಿದೆ. ಒಂದು ಕಾಲಕ್ಕೆ ಅದು ಗವರ್ನರರ ನಿವಾಸವಾಗಿತ್ತು. 1899ರಲ್ಲಿ ಅಲ್ಲಿ ಪ್ಲೇಗು ಸಂಶೋಧನಾಲಯವು ಪ್ರಾರಂಭವಾಯಿತು. 1925ರಲ್ಲಿ ಆ ಸಂಸ್ಥೆಗೆ ಹಾಫ್‌ಕಿನ್ ಇನ್‌ಸ್ಟಿಟ್ಯೂಟ್ ಎಂಬ ಹೆಸರನ್ನಿಟ್ಟರು. ಆ ದಾರಿಯಲ್ಲಿ ಓಡಾಡುವ ನಮ್ಮ ವಿದ್ಯಾರ್ಥಿಗಳಲ್ಲಿ ಎಷ್ಟೋ ಮಂದಿ ಆ ಹೆಸರನ್ನು ಓದಿರಬಹುದು. ಅದನ್ನು ಹೊತ್ತಿದ್ದ ಮಹನೀಯರು ಯಾರೆಂಬುದನ್ನು ಬಲ್ಲವರು ವಿರಳ. ವಿಜ್ಞಾನದ ಪಾಠದಲ್ಲಿ ನಾವು ಪ್ರಯೋಗವೆಂಬ ಶಬ್ದವನ್ನು ಪದೇ ಪದೇ ಬಳಸುತ್ತೇವೆ. ಆ ಶಬ್ದದ ನಿಜವಾದ ಅರ್ಥವನ್ನು ಹಾಫ್‌ಕಿನ್ನರ ಜೀವನಚರಿತ್ರೆಯು ತಿಳಿಸಿಕೊಡುವಷ್ಟು ಸ್ಪಷ್ಟವಾಗಿ ಪಠ್ಯಪುಸ್ತಕವೂ ತಿಳಿಸಲಾರದು.

ವಾಲ್ಡೆಮಾರ್ ಹಾಫ್‌ಕಿನ್ನರು 1860ನೆಯ ಇಸವಿಯ ಮಾರ್ಚಿ 15ರಂದು, ಆಗ ರಷ್ಯಾ ಸಾಮ್ರಾಜ್ಯಕ್ಕೆ ಸೇರಿದ್ದ ಒಡೆಸ್ಸಾ ನಗರದಲ್ಲಿ, ಯೆಹೂದ್ಯ ಮನೆತನದಲ್ಲಿ ಜನಿಸಿದರು. ಅಲ್ಲಿಯ ವಿಶ್ವವಿದ್ಯಾಲಯದಲ್ಲಿ ಪ್ರಾಣಿಶಾಸ್ತ್ರವನ್ನು ಅಭ್ಯಾಸಮಾಡುತ್ತಿದ್ದಾಗ ಅವರಿಗೆ ಮೆಚ್ನಿಕಾಫ್ ಎಂಬ ಪ್ರಸಿದ್ಧ ವಿಜ್ಞಾನಿಯು ಗುರುವಾಗಿ ದೊರೆತನು. ವಿದ್ಯೆಯಲ್ಲಿ ಮುಂದಿದ್ದರೂ ಅವರ ದಾರಿ ಸುಗಮವಾಗಿರಲಿಲ್ಲ. ಯೆಹೂದ್ಯರ ಮೇಲೆ ದೊಂಬಿಗಳು ನಡೆಯುತ್ತಿದ್ದ ಕಾಲವದು. ಸ್ವಧರ್ಮವನ್ನು ಬಿಟ್ಟು ರಾಜಧರ್ಮವನ್ನು ಸ್ವೀಕರಿಸಿದರೆ ಅಧ್ಯಾಪಕರ ಪದವಿ ಸಿಗುವಂತಿತ್ತು. ಹಾಫ್‌ಕಿನ್ನರು ಅದಕ್ಕೆ ಒಪ್ಪಲಿಲ್ಲ. 1888ರಲ್ಲಿ ತಾಯ್ನಾಡನ್ನು ಬಿಟ್ಟು ಜಿನೀವಾಕ್ಕೆ ಹೋದರು. ಮರುವರ್ಷ ಪ್ಯಾರಿಸ್ಸಿಗೆ ಬಂದು ಪಾಶ್ಚರರ ಸಂಸ್ಥೆಯನ್ನು ಸೇರಿದರು. ಅಲ್ಲಿ ಖಾಲಿ ಇದ್ದುದು ಗ್ರಂಥಾಲಯದ ಸಹಾಯಕನ ಕೆಲಸವೊಂದೇ. ಅದನ್ನೇ ಒಪ್ಪಿಕೊಂಡು, ಬಿಡುವಿನ ವೇಳೆಯಲ್ಲಿ ಪ್ರಯೋಗಶಾಲೆಯಲ್ಲಿ ದುಡಿದರು. ಹೊಟ್ಟೆಪಾಡಿಗಾಗಿ ಊರುಬಿಟ್ಟು ದೂರದ ನಗರಕ್ಕೆ ಬಂದು, ದೊರೆತ ಕೆಲಸವನ್ನೇ ಹಿಡಿದು ಮೇಲೆ ಬಂದವರ ಮಕ್ಕಳಾದ ನಮಗೆ ಈ ಸಂಗತಿಯು ಅಪರಿಚಿತವೇನಲ್ಲ.

ಪಾಶ್ಚರರು ಬಲಹೀನಗೊಳಿಸಿದ ರೋಗಾಣುಗಳಿಂದ ಪ್ರಾಣಿಗಳನ್ನು ರೋಗಮುಕ್ತವಾಗಿರಿಸಬಹುದೆಂದು ತೋರಿಸಿಕೊಟ್ಟಿದ್ದರು. ಅದೇ ಮಾರ್ಗವನ್ನು ಅನುಸರಿಸಿ ಹಾಫ್‌ಕಿನ್ನರು ಕಾಲರಾ ಬೇನೆಗೆ ಚುಚ್ಚುಮದ್ದನ್ನು ಸಿದ್ಧಪಡಿಸಿದರು. ಮೊಲ, ಗಿನಿಇಲಿ ಮೊದಲಾದ ಪ್ರಾಣಿಗಳಲ್ಲಿ ಪರೀಕ್ಷಿಸಿದ ತರುವಾಯ 1892ರ ಜುಲೈ 18ರಂದು ತಮ್ಮ ಮೈಗೇ ಆ ಮದ್ದನ್ನು ಚುಚ್ಚಿಕೊಂಡರು. ಜ್ವರ ಬಂದು ಇಳಿಯಿತು, ಬೇರೆ ಅಪಾಯವಾಗಲಿಲ್ಲ.

ವಿದ್ಯಾರ್ಥಿಗಳು ಇಲ್ಲಿ ಒಂದು ಕ್ಷಣ ನಿಂತು ಯೋಚಿಸಬೇಕು. ಇದು ಧೈರ್ಯದ ಕಾರ್ಯವೆಂಬುದರಲ್ಲಿ ಸಂಶಯವಿಲ್ಲ. ಆದರೆ ಇದರಿಂದ ಸಿದ್ಧವಾದುದೇನು? ಮದ್ದು ಮನುಷ್ಯನನ್ನು ಕೊಲ್ಲಲಿಲ್ಲವೆಂಬುದಷ್ಟೇ ಸಿದ್ಧವಾಯಿತು. ಅದು ಕಾಲರಾವನ್ನು ತಡೆಯುವುದೆಂಬುದು ಸಿದ್ಧವಾಗಲಿಲ್ಲ. ಏಕೆಂದರೆ ಮದ್ದು ಚುಚ್ಚಿಕೊಳ್ಳದಿದ್ದರೂ ಹಾಫ್‌ಕಿನ್ನರಿಗೆ ಕಾಲರಾ ತಗಲದೆಯೇ ಇರಬಹುದಾಗಿತ್ತು. ಒಬ್ಬನ ಅನುಭವವು ಎಷ್ಟೇ ದೊಡ್ಡದಾಗಿರಲಿ, ಅದರ ಪಕ್ಕದಲ್ಲಿ ಇನ್ನೊಂದನ್ನಿಟ್ಟು ತೂಗಿ ನೋಡದಿದ್ದರೆ ಅದು ಪ್ರಮಾಣವಾಗದು. ತಕ್ಕಡಿಗೆ ಎರಡು ತಟ್ಟೆಗಳಿರುವಂತೆ ಪ್ರಯೋಗಕ್ಕೂ ಎರಡು ಪಕ್ಷಗಳಿರಬೇಕು.

ಆ ಎರಡನೆಯ ತಟ್ಟೆಯನ್ನು ಅರಸುತ್ತಲೇ ಹಾಫ್‌ಕಿನ್ನರು 1893ರಲ್ಲಿ ಭಾರತಕ್ಕೆ ಬಂದರು. ಎರಡು ವರ್ಷಗಳ ಅವಧಿಯಲ್ಲಿ ನಲವತ್ತು ಸಾವಿರಕ್ಕೂ ಮಿಕ್ಕಿ ಜನರಿಗೆ ಕಾಲರಾ ಮದ್ದನ್ನು ಚುಚ್ಚಿದರು. 1894ರಲ್ಲಿ ಕಲಕತ್ತೆಯ ಕೊಳೆಗೇರಿಯೊಂದರಲ್ಲಿ ಕಾಲರಾ ತಲೆದೋರಿದಾಗ ಅಲ್ಲಿದ್ದ ಸುಮಾರು 200 ಜನರಲ್ಲಿ 116 ಮಂದಿ ಮದ್ದನ್ನು ಪಡೆದರು. ಅನಂತರ ಬೇನೆ ಬಿದ್ದವರೆಲ್ಲರೂ ಮದ್ದನ್ನು ಪಡೆಯದವರೇ ಆಗಿದ್ದರು. ಎಲ್ಲರೂ ಒಂದೇ ಕೇರಿಯವರು. ಭೇದವಿದ್ದುದು ಮದ್ದಿನಲ್ಲಿ ಮಾತ್ರ. ಮಲೇರಿಯದಿಂದ ಬಳಲಿ ಅವರು 1895ರಲ್ಲಿ ಯುರೋಪಿಗೆ ಮರಳಬೇಕಾಯಿತಾದರೂ ಮರುವರ್ಷವೇ ಹಿಂದಿರುಗಿದರು.

1896ರ ಸಪ್ಟೆಂಬರದಲ್ಲಿ ಮುಂಬಯಿಯ ಮಾಂಡವಿ ಭಾಗದಲ್ಲಿ ಪ್ಲೇಗು ಕಾಣಿಸಿಕೊಂಡಿತು. ಇಲಿಗಳು ಸತ್ತು ಬೀಳತೊಡಗಿದವು. ಬೆನ್ನಹಿಂದೆಯೇ ಮನುಷ್ಯರು ಬಿದ್ದರು. ಜನರು ತಂಡತಂಡವಾಗಿ ನಗರವನ್ನು ಬಿಟ್ಟು ಹೋದರು. ಮುಂದೆ ಈ ಮಾರಿಯು ಕನ್ನಡ ನಾಡನ್ನೂ ಹೊಕ್ಕಿತು. ಇಲಿ ಬಿದ್ದೊಡನೆ ಮನೆಗೆ ಬೀಗ ಹಾಕಿ, ಹೊಲಗಳಲ್ಲಿ ಗುಡಿಸಲು ಕಟ್ಟಿಕೊಂಡು ತಿಂಗಳುಗಟ್ಟಲೆ ಕಳೆದ ಕಥೆಯು ನಮ್ಮ ಕಡೆಯ ಎಷ್ಟೋ ಮನೆತನಗಳಲ್ಲಿ ಬಾಯಿಂದ ಬಾಯಿಗೆ ಬಂದಿದೆ. ಪ್ಲೇಗಿನ ರೋಗಾಣುವನ್ನು 1894ರಲ್ಲಿ ಹಾಂಗ್‌ಕಾಂಗಿನಲ್ಲಿ ಕಂಡುಹಿಡಿದಿದ್ದರು. ಇಲಿಯ ಮೈಮೇಲಿನ ಚಿಗಟವೇ ಅದನ್ನು ಮನುಷ್ಯನಿಗೆ ಮುಟ್ಟಿಸುವುದೆಂಬ ಸಂಗತಿ ಮಾತ್ರ ಇನ್ನೂ ಬೆಳಕಿಗೆ ಬಂದಿರಲಿಲ್ಲ.

ಸರಕಾರದ ಕರೆಯ ಮೇರೆಗೆ ಹಾಫ್‌ಕಿನ್ನರು ಅಕ್ಟೋಬರದಲ್ಲಿ ಮುಂಬಯಿಗೆ ಬಂದರು. ಗ್ರಾಂಟ್ ಮೆಡಿಕಲ್ ಕಾಲೇಜಿನಲ್ಲಿ ಅವರಿಗೆ ಒಂದು ಕೋಣೆಯೂ ಅದರ ಮುಂದಿನ ಓಣಿಯೂ ದೊರೆತವು. ಕೈಕೆಳಗೆ ಒಬ್ಬ ಗುಮಾಸ್ತ, ಮೂವರು ಜವಾನರು. ಈ ಸಲಕರಣೆಯಿಂದಲೇ ಅವರು ಹಗಲಿರುಳು ದುಡಿದರು. ದನದ ಮಾಂಸವಾಗಲಿ ಹಂದಿಯ ಮಾಂಸವಾಗಲಿ ಜನರ ಮನಸ್ಸಿಗೆ ನೋವುಂಟುಮಾಡುವುದೆಂದು ತಿಳಿದು, ಮೇಕೆಯ ಮಾಂಸದ ಸಾರಿನಲ್ಲಿ ರೋಗಾಣುಗಳನ್ನು ಬೆಳೆಸಿದರು. ಸಾರಿನ ಮೇಲೆ ತುಪ್ಪದ ಹನಿಗಳನ್ನು ತೇಲಿಬಿಟ್ಟಾಗ ರೋಗಾಣುಗಳು ಅವಕ್ಕೆ ಜೋತುಬಿದ್ದು ಬಿಳಲುಗಳಂತೆ ಕೆಳಕ್ಕೆ ಬೆಳೆಯುತ್ತಿದ್ದವು. ಪಾತ್ರೆಯನ್ನು ಅಲುಗಾಡಿಸಿದರೆ ಬಿಳಲುಗಳು ಉದುರಿ ಹೊಸವು ಹುಟ್ಟುತ್ತಿದ್ದವು. ಹೀಗೆ ಸಾಕಷ್ಟು ಬೆಳೆದ ತರುವಾಯ ಶಾಖದಿಂದ ಅವುಗಳನ್ನು ಕೊಂದು, ಕಾರ್ಬಾಲಿಕ್ ಆಮ್ಲವನ್ನು ಬೆರೆಸಿ ಮದ್ದನ್ನು ಸಿದ್ಧಪಡಿಸಿದರು. ಸತ್ತ ರೋಗಾಣುವು ಬೇನೆಯನ್ನು ಹುಟ್ಟಿಸಲಾರದು. ಆದರೆ ದೇಹವು ಅದರ ಗುರುತನ್ನು ಹಿಡಿದು, ಮುಂದೆ ಜೀವಂತ ರೋಗಾಣುವು ಬಂದಾಗ ಅದನ್ನು ಎದುರಿಸಬಲ್ಲುದು. ಇದು ಅವರ ಊಹೆ. ಮೊಲಗಳಲ್ಲಿ ಆ ಊಹೆ ನಿಜವಾಯಿತು. 1897ರ ಜನವರಿ 10ರಂದು ಹಾಫ್‌ಕಿನ್ನರು ಮತ್ತೊಮ್ಮೆ ತಮ್ಮ ಮೈಗೆ ಮದ್ದನ್ನು ಚುಚ್ಚಿಸಿಕೊಂಡರು.

ಅದೇ ತಿಂಗಳ ಕೊನೆಗೆ ಭಾಯಖಳೆಯ ಸೆರೆಮನೆಯಲ್ಲಿ ಪ್ಲೇಗು ಕಾಣಿಸಿಕೊಂಡಿತು. ಕೈದಿಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿ ಚುಚ್ಚುಮದ್ದಿಗೆ ತಾವಾಗಿ ಮುಂದೆ ಬಂದರು. ಮುಂದಿನ ದಿನಗಳಲ್ಲಿ ಮದ್ದಿಲ್ಲದ 172 ಮಂದಿಯಲ್ಲಿ 12 ಜನರು ಬೇನೆ ಬಿದ್ದು ಅವರಲ್ಲಿ 6 ಜನರು ಸತ್ತರು. ಮದ್ದು ಪಡೆದ 147 ಮಂದಿಯಲ್ಲಿ ಇಬ್ಬರು ಮಾತ್ರ ಬೇನೆ ಬಿದ್ದರು, ಒಬ್ಬರೂ ಸಾಯಲಿಲ್ಲ. ಊಟ, ನೀರು, ನೆಲ, ಗಾಳಿ ಎಲ್ಲವೂ ಒಂದೇ ಆಗಿರುವ ಸೆರೆಮನೆಯು ಇಂಥ ಪರೀಕ್ಷೆಗೆ ತಕ್ಕ ಸ್ಥಳವಾಗಿತ್ತು.

ಅಷ್ಟಾದರೂ ಈ ಪರೀಕ್ಷೆಯಲ್ಲಿ ಒಂದು ಕೊರತೆಯಿತ್ತು. ಚುಚ್ಚುಮದ್ದಿಗೆ ತಾವಾಗಿ ಮುಂದೆ ಬಂದವರು ಹೆಚ್ಚು ಗಟ್ಟಿಮುಟ್ಟಾದವರೋ ಹೆಚ್ಚು ಎಚ್ಚರದವರೋ ಆಗಿದ್ದರೆ? ಆಗ ಅವರನ್ನು ಉಳಿಸಿದುದು ಮದ್ದೇ ಅಥವಾ ಅವರ ಮೈಕಟ್ಟೇ ಎಂದು ಹೇಳುವುದೆಂತು? ಒಂದು ಕ್ಷಯಕ್ಕೆ ಎರಡು ಕಾರಣಗಳು ಹೆಣೆದುಕೊಂಡಿರುವಾಗ ಅವುಗಳನ್ನು ಬಿಡಿಸಿ ನೋಡುವುದೇ ಪ್ರಯೋಗದ ರಚನೆಯ ಮುಖ್ಯ ಉದ್ದೇಶ. ಮರುವರ್ಷ ಉಮರಖಾಡಿಯ ಸೆರೆಮನೆಯಲ್ಲಿ ಈ ಕೊರತೆಯನ್ನು ನೀಗಿಸಿದರು. ಕೈದಿಗಳನ್ನು ಸಾಲಾಗಿ ಕುಳ್ಳಿರಿಸಿ, ಆರಿಸುವ ಗೊಡವೆಗೆ ಹೋಗದೆ, ಒಬ್ಬನನ್ನು ಬಿಟ್ಟು ಒಬ್ಬನಿಗೆ ಮದ್ದನ್ನು ಚುಚ್ಚಿದರು. ಬಲಿಷ್ಠನೂ ದುರ್ಬಲನೂ ಎರಡೂ ಪಕ್ಷಗಳಲ್ಲಿ ಸಮನಾಗಿ ಬೆರೆಯುವಂತಾಯಿತು. ಇಲ್ಲಿಯೂ ಸತ್ತವರು ಮದ್ದಿಲ್ಲದವರೇ.

1898ರ ಫೆಬ್ರವರಿಯಲ್ಲಿ ಬಡೋದೆಯ ಸಮೀಪದ ಉಂಧೇರಾ ಎಂಬ ಹಳ್ಳಿಯಲ್ಲಿ ಪ್ರಯೋಗವು ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಅಲ್ಲಿ ಪ್ರತಿಯೊಂದು ಕುಟುಂಬವನ್ನೂ ಎರಡು ಪಾಲು ಮಾಡಿ, ಗಂಡಸರು, ಹೆಂಗಸರು, ಮಕ್ಕಳು ಇವರೆಲ್ಲರೂ ಎರಡೂ ಪಾಲುಗಳಲ್ಲಿ ಇರುವಂತೆ ನೋಡಿಕೊಂಡು, ಒಂದು ಪಾಲಿಗೆ ಮಾತ್ರ ಮದ್ದನ್ನು ಚುಚ್ಚಿದರು. ಪ್ಲೇಗು ತಗಲಿದ ಮನೆಗಳ ಲೆಕ್ಕವನ್ನು ತರುವಾಯ ತೆಗೆದರು. ಮದ್ದಿಲ್ಲದ 64 ಮಂದಿಯಲ್ಲಿ 27 ಜನರಿಗೆ ಬೇನೆ ತಗಲಿ 26 ಜನರು ಸತ್ತಿದ್ದರು. ಮದ್ದು ಪಡೆದ 71 ಮಂದಿಯಲ್ಲಿ 8 ಜನರಿಗೆ ಬೇನೆ ತಗಲಿ 3 ಜನರು ಸತ್ತಿದ್ದರು. ನೂರಕ್ಕೆ ಎಷ್ಟೆಂದು ಲೆಕ್ಕ ಹಾಕಿದರೆ ಒಂದು ಕಡೆ ಸುಮಾರು 41, ಇನ್ನೊಂದು ಕಡೆ ಸುಮಾರು 4. ಮದ್ದು ಪೂರ್ಣರಕ್ಷೆಯಲ್ಲವೆಂಬುದೂ ಬಹುಮಟ್ಟಿನ ರಕ್ಷೆಯೆಂಬುದೂ ಈ ಒಂದೇ ಲೆಕ್ಕದಿಂದ ತಿಳಿಯುತ್ತವೆ. ಸಾವಿನ ಸಂಖ್ಯೆಯನ್ನು ಮಾತ್ರ ನೋಡದೆ, ಅದು ಎಷ್ಟು ಜನರಲ್ಲಿ ಸಂಭವಿಸಿತೆಂಬುದನ್ನೂ ನೋಡಬೇಕೆಂಬ ನಿಯಮವನ್ನು ವಿದ್ಯಾರ್ಥಿಗಳು ಮನಸ್ಸಿನಲ್ಲಿಡಬೇಕು.

ಆದರೆ ಆ 26 ಜನರು? ಇದು ಅಂಕಿಗಳ ಆಚೆಗಿನ ಪ್ರಶ್ನೆ. ಇದನ್ನು ದಾಟಿಹೋಗುವುದು ಸರಿಯಲ್ಲ. ಒಂದೇ ಒಲೆಯ ಅನ್ನವನ್ನುಂಡ ಅಣ್ಣನಿಗೆ ಮದ್ದು ಸಿಕ್ಕಿತು, ತಮ್ಮನಿಗೆ ಸಿಗಲಿಲ್ಲ. ಅರ್ಧ ಜನರನ್ನು ಬಿಟ್ಟುದು ನ್ಯಾಯವೇ? ಮದ್ದಿನ ಗುಣವು ಸಂಶಯಾತೀತವಾಗಿ ಸಿದ್ಧವಾಗದಿದ್ದ ಕಾಲವದು. ಹೋಲಿಸಿ ನೋಡದಿದ್ದರೆ ಲಕ್ಷಾಂತರ ಜನರು ಅದನ್ನು ನಂಬಿ ಮುಂದೆ ಬರುತ್ತಿರಲಿಲ್ಲವೆಂಬುದು ನಿಜ. ಭಾಯಖಳೆಯ ಫಲವು ಆಗಲೇ ಕಣ್ಣ ಮುಂದಿತ್ತೆಂಬುದೂ ನಿಜ. ಈ ಎರಡು ನಿಜಗಳ ನಡುವಣ ಭಾರವನ್ನು ಪ್ರಯೋಗ ಮಾಡುವವನು ಹೊರಲೇಬೇಕು. ಈ ಭಾರವನ್ನು ಅರಿತೇ ಇಂದಿನ ಕಾಲದಲ್ಲಿ ಮನುಷ್ಯರ ಮೇಲಿನ ಪ್ರಯೋಗಕ್ಕೆ ಕಟ್ಟುನಿಟ್ಟಾದ ನಿಯಮಗಳನ್ನು ಮಾಡಿದ್ದಾರೆ. ಭಾಗಿಗಳಿಗೆ ವಿಷಯವನ್ನು ತಿಳಿಸಿ ಒಪ್ಪಿಗೆ ಪಡೆಯಬೇಕು; ಕೈದಿಗಳಂಥ ಪರಾಧೀನರ ವಿಷಯದಲ್ಲಿ ವಿಶೇಷ ಎಚ್ಚರ ವಹಿಸಬೇಕು; ಒಂದು ಪಕ್ಷದ ಲಾಭವು ಸ್ಪಷ್ಟವಾದೊಡನೆ ಪ್ರಯೋಗವನ್ನು ನಿಲ್ಲಿಸಬಹುದು. ಸತ್ಯವನ್ನು ಅರಸುವ ಮಾರ್ಗವೂ ಸತ್ಯದಷ್ಟೇ ಶುದ್ಧವಾಗಿರಬೇಕಲ್ಲವೆ?

ಅದೇ 1898ರಲ್ಲಿ ನಮ್ಮ ಹುಬ್ಬಳ್ಳಿಯಲ್ಲಿ ಪ್ಲೇಗು ಪ್ರಳಯದಂತೆ ಎರಗಿದಾಗ, ಮೂವತ್ತು ಸಾವಿರಕ್ಕಿಂತ ಹೆಚ್ಚು ಜನರು ಹಾಫ್‌ಕಿನ್ನರ ಮದ್ದನ್ನು ಪಡೆದರು. ಮುಂಬಯಿಯ ಒಂದು ಕೋಣೆಯಲ್ಲಿ ಹುಟ್ಟಿದ ಮದ್ದು ಹೀಗೆ ಕನ್ನಡಿಗರ ಮನೆಬಾಗಿಲಿಗೂ ಬಂದಿತು.

ಕೀರ್ತಿಯ ಶಿಖರದಲ್ಲಿದ್ದ ಹಾಫ್‌ಕಿನ್ನರಿಗೆ 1902ರಲ್ಲಿ ಕಷ್ಟಕಾಲವು ಪ್ರಾಪ್ತವಾಯಿತು. ಅಕ್ಟೋಬರ್ 30ರಂದು ಪಂಜಾಬಿನ ಮಲ್ಕೋವಾಲ ಎಂಬ ಹಳ್ಳಿಯಲ್ಲಿ 107 ಜನರಿಗೆ ಮದ್ದನ್ನು ಚುಚ್ಚಿದರು. ಅವರಲ್ಲಿ 19 ಮಂದಿ ಧನುರ್ವಾಯುವಿನಿಂದ ಸತ್ತರು. ಸರಕಾರವು ನೇಮಿಸಿದ ಆಯೋಗವು, ಶೀಷೆಯು ಹಳ್ಳಿಯಲ್ಲಿ ತೆರೆಯುವ ಮುನ್ನವೇ ಮಲಿನವಾಗಿತ್ತೆಂದು ನಿರ್ಣಯಿಸಿತು. ಹಾಫ್‌ಕಿನ್ನರು ಮದ್ದಿನ ತಯಾರಿಕೆಯಲ್ಲಿ ಕಾರ್ಬಾಲಿಕ್ ಆಮ್ಲವನ್ನು ಬಿಟ್ಟು ಶಾಖವನ್ನೇ ನಂಬಿದ್ದುದು ಅಪರಾಧವಾಗಿ ಕಂಡಿತು. ಅವರನ್ನು ಹುದ್ದೆಯಿಂದ ದೂರ ಸರಿಸಿದರು.

ಇಲ್ಲಿಯೂ ವಿಜ್ಞಾನದ ರೀತಿಯೇ ಅವರ ಸಹಾಯಕ್ಕೆ ಬಂದಿತು. ಸತ್ತವರು ಹತ್ತೊಂಬತ್ತು ಜನರೂ ಒಂದೇ ಶೀಷೆಯ ಮದ್ದನ್ನು ಪಡೆದವರು. ಬೇರೆ ಶೀಷೆಗಳಿಂದ ಪಡೆದ 88 ಮಂದಿಗೆ ಏನೂ ಆಗಲಿಲ್ಲ. ಆದುದರಿಂದ ದೋಷವು ಮದ್ದಿನ ತತ್ತ್ವದಲ್ಲಿಲ್ಲ, ಆ ಒಂದು ಶೀಷೆಯಲ್ಲಿದೆ. ಶೀಷೆಯು ಮುಂಬಯಿಯಲ್ಲಿಯೇ ಮಲಿನವಾಗಿದ್ದರೆ, ವಾರಗಟ್ಟಲೆ ಬೆಳೆದ ಧನುರ್ವಾಯುವಿನ ರೋಗಾಣುಗಳಿಂದ ಅದು ದುರ್ನಾತ ಬೀರಬೇಕಾಗಿತ್ತು. ತೆರೆದಾಗ ಅಂಥ ವಾಸನೆಯಿರಲಿಲ್ಲ. ಶೀಷೆಯನ್ನು ತೆರೆಯುವಾಗ ಸಹಾಯಕನ ಕೈಯಿಂದ ಚಿಮುಟ ನೆಲಕ್ಕೆ ಬಿದ್ದಿತೆಂಬುದೂ ಅದನ್ನು ಜ್ವಾಲೆಯಲ್ಲಿ ಕಾಯಿಸದೆ ಔಷಧದಲ್ಲಿ ಅದ್ದಿ ಬಳಸಿದನೆಂಬುದೂ ತಿಳಿದುಬಂದವು. ಧನುರ್ವಾಯುವಿನ ರೋಗಾಣುಗಳು ಮಣ್ಣಿನಲ್ಲಿ ವಾಸಿಸುವುವೆಂಬುದನ್ನು ನೀವು ಓದಿದ್ದೀರಿ. ರೊನಾಲ್ಡ್ ರಾಸ್ ಮೊದಲಾದ ಹತ್ತು ಮಂದಿ ವಿಜ್ಞಾನಿಗಳು 1907ರಲ್ಲಿ ಲಂಡನ್ನಿನ ಪತ್ರಿಕೆಯಲ್ಲಿ ಈ ಅನ್ಯಾಯವನ್ನು ಬಹಿರಂಗವಾಗಿ ಖಂಡಿಸಿದರು. ಆ ವರ್ಷವೇ ಹಾಫ್‌ಕಿನ್ನರು ನಿರ್ದೋಷಿಯೆನಿಸಿಕೊಂಡು ಕಲಕತ್ತೆಗೆ ಮರಳಿ ಬಂದರು. ಆದರೆ ಕಳೆದ ಐದು ವರ್ಷಗಳು ಮರಳಲಿಲ್ಲ. ಹಿಂದಿನ ಅಧಿಕಾರವೂ ದೊರೆಯಲಿಲ್ಲ. ಕೆಲವು ವರ್ಷಗಳಲ್ಲಿ ನಿವೃತ್ತರಾಗಿ ಯುರೋಪಿಗೆ ತೆರಳಿ, 1930ರ ಅಕ್ಟೋಬರ್ 26ರಂದು ಸ್ವಿಟ್ಜರ್ಲೆಂಡಿನ ಲೋಸಾನ್ ನಗರದಲ್ಲಿ ದೇಹವನ್ನು ಬಿಟ್ಟರು. 1964ರಲ್ಲಿ ಭಾರತ ಸರಕಾರವು ಅವರ ನೆನಪಿಗಾಗಿ ಅಂಚೆಚೀಟಿಯನ್ನು ಹೊರಡಿಸಿತು.

ವಿದ್ಯಾರ್ಥಿಮಿತ್ರರೆ, ಹಾಫ್‌ಕಿನ್ನರನ್ನು ನಿಂದಿಸಿದವರೂ ಸತ್ತ ಹತ್ತೊಂಬತ್ತು ಜನರನ್ನೇ ನೋಡಿದರು. ಅವರನ್ನು ಸಮರ್ಥಿಸಿದವರೂ ಅದೇ ಹತ್ತೊಂಬತ್ತು ಜನರನ್ನು ನೋಡಿದರು. ಸಮರ್ಥಿಸಿದವರು ಬದುಕಿದ ಎಂಬತ್ತೆಂಟು ಜನರನ್ನೂ ಪಕ್ಕದಲ್ಲಿಟ್ಟು ನೋಡಿದರು, ಭೇದವು ಅಷ್ಟೇ. ನಿಮ್ಮ ಚಾಳಿನಲ್ಲಿಯೋ ಪೇಟೆಯಲ್ಲಿಯೋ ಯಾರಾದರೂ ಬಂದು, ಈ ಮದ್ದಿನಿಂದ ಒಬ್ಬನ ಬೇನೆ ವಾಸಿಯಾಯಿತೆಂದು ಹೇಳಿದರೆ, ಮದ್ದನ್ನು ತೆಗೆದುಕೊಳ್ಳದವರ ಗತಿ ಏನಾಯಿತೆಂದು ವಿನಯದಿಂದ ಕೇಳಿರಿ. ಇಬ್ಬರೂ ಮಿಕ್ಕೆಲ್ಲ ವಿಷಯಗಳಲ್ಲಿ ಸಮಾನರಾಗಿದ್ದರೇ ಎಂದು ಕೇಳಿರಿ. ಎಷ್ಟು ಜನರಲ್ಲಿ ಎಷ್ಟು ಮಂದಿಗೆ ಗುಣವಾಯಿತೆಂದು ಕೇಳಿರಿ. ಈ ಮೂರು ಪ್ರಶ್ನೆಗಳನ್ನು ಕೇಳಲು ಕಲಿತವನ ಬಳಿ ಪ್ರಯೋಗಶಾಲೆಯಿಲ್ಲದಿದ್ದರೂ ವಿಜ್ಞಾನವಿದೆ.