ಕೈವಾರದ ಬಳೆಗಾರ

ತಾತ ಎಂಬ ಮಾತು ಕನ್ನಡದಲ್ಲಿಯೂ ಉಂಟು, ತೆಲುಗಿನಲ್ಲಿಯೂ ಉಂಟು. ಎರಡರಲ್ಲಿಯೂ ಅದಕ್ಕೆ ಒಂದೇ ಅರ್ಥ, ಒಂದೇ ಸಲಿಗೆ. ಚಿಂತಾಮಣಿ, ಶಿಡ್ಲಘಟ್ಟ, ಚಿಕ್ಕಬಳ್ಳಾಪುರ, ಗೌರಿಬಿದನೂರು ಸೀಮೆಗಳ ಜನರು ಕೈವಾರದ ನಾರೇಯಣ ಯತೀಂದ್ರರನ್ನು ತಾತಯ್ಯ ಎಂದು ಕರೆಯುವಾಗ ಅವರು ಯಾವ ಭಾಷೆಯನ್ನು ಆಡುತ್ತಿದ್ದಾರೆಂದು ಹೇಳುವುದು ಕಷ್ಟ. ಸ್ವತಃ ತಾತಯ್ಯನವರ ವಿಷಯದಲ್ಲಿಯೂ ಈ ಕಷ್ಟವೇ ನಮ್ಮ ಸಾಹಿತ್ಯ ಚರಿತ್ರೆಯನ್ನು ಕಾಡಿದೆ. ಅವರು ಬಾಳಿದ್ದು ಕನ್ನಡ ನಾಡಿನಲ್ಲಿ; ಹಾಡಿದ್ದು ಬಹುಮಟ್ಟಿಗೆ ತೆಲುಗಿನಲ್ಲಿ, ಕೆಲಮಟ್ಟಿಗೆ ಕನ್ನಡದಲ್ಲಿ. ಹೀಗಾಗಿ ತೆಲುಗಿನವರಿಗೆ ಅವರು ಗಡಿಯಾಚೆಯವರಾದರು, ನಮ್ಮ ಪಾಠಪಟ್ಟಿಗಳಿಗೆ ಭಾಷೆಯಾಚೆಯವರಾದರು. ಜನರು ಮಾತ್ರ ಈ ಎರಡು ಗಡಿಗಳನ್ನೂ ಲೆಕ್ಕಿಸದೆ ಇನ್ನೂರು ವರ್ಷಗಳಿಂದ ಅವರ ಪದಗಳನ್ನು ಹಾಡುತ್ತ ಬಂದಿದ್ದಾರೆ.

ಚಿಂತಾಮಣಿಯಿಂದ ಹೊಸಕೋಟೆಯ ಕಡೆಗೆ ಹೋಗುವ ದಾರಿಯಲ್ಲಿ ಕವಲೊಡೆದು ಒಳಗೆ ಹೋದರೆ ಕೈವಾರ ಸಿಗುತ್ತದೆ. ಮಹಾಭಾರತದ ಏಕಚಕ್ರಪುರ ಇದೇ ಎಂದೂ ಭೀಮನು ಬಕಾಸುರನನ್ನು ಕೊಂದದ್ದು ಇಲ್ಲಿಯೇ ಎಂದೂ ಊರಿನವರ ನಂಬಿಕೆ. ಭೀಮಲಿಂಗೇಶ್ವರನ ಗುಡಿಯೂ ಅಮರನಾರೇಯಣ ಸ್ವಾಮಿಯ ಗುಡಿಯೂ ಇಲ್ಲಿವೆ. ಸುತ್ತ ಬಂಡೆಗಳ ಬೆಟ್ಟಸಾಲು. ಕೆಳಗೆ ಕೆರೆ, ರಾಗಿಯ ಹೊಲ, ಹಿಪ್ಪುನೇರಳೆಯ ತೋಟ. 2007ರಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆ ರೂಪುಗೊಳ್ಳುವವರೆಗೆ ಇದೆಲ್ಲವೂ ಕೋಲಾರ ಜಿಲ್ಲೆಗೆ ಸೇರಿತ್ತು.

ಸಂಪ್ರದಾಯದ ಪ್ರಕಾರ ನಾರಾಯಣಪ್ಪನವರು ಹುಟ್ಟಿದ್ದು 1726ರಲ್ಲಿ. ತಂದೆ ಕೊಂಡಪ್ಪ, ತಾಯಿ ಮುದ್ದಮ್ಮ. ಬಲಿಜ ಕುಲ, ಬಳೆಯ ವ್ಯಾಪಾರ. ತಂದೆತಾಯಿಗಳು ಬೇಗನೆ ತೀರಿಕೊಂಡುದರಿಂದ ಎಳೆಯ ವಯಸ್ಸಿನಲ್ಲಿಯೇ ಬಳೆಯ ಮಲಾರ ಅವರ ಹೆಗಲಿಗೆ ಬಂತು.

ಈ ಕಸುಬನ್ನು ಕುರಿತು ಒಂದೆರಡು ಮಾತು ಹೇಳದೆ ಮುಂದೆ ಹೋಗುವುದು ಸರಿಯಲ್ಲ. ಬಳೆಗಾರನು ಬೇರೆ ವ್ಯಾಪಾರಿಗಳ ಹಾಗೆ ಅಂಗಡಿಯಲ್ಲಿ ಕುಳಿತು ಸರಕನ್ನು ಮಾರುವವನಲ್ಲ. ಅವನು ಮನೆಯ ಜಗಲಿಗೇ ಬರಬೇಕು. ಹೆಣ್ಣುಮಗಳ ಕೈಯನ್ನು ಹಿಡಿದು, ಅಂಗೈಯನ್ನು ಮೃದುವಾಗಿ ಮಡಿಸಿ, ನೋವಾಗದಂತೆ, ಗಾಜು ಒಡೆಯದಂತೆ ಒಂದೊಂದಾಗಿ ಬಳೆಯೇರಿಸಬೇಕು. ಒಡೆದರೆ ನಷ್ಟ ಅವನದು. ಪರಪುರುಷನಾಗಿದ್ದೂ ಅಣ್ಣನಂತೆ ಒಳಗೆ ಬರಬಲ್ಲವನು ಹಳ್ಳಿಯಲ್ಲಿ ಅವನೊಬ್ಬನೇ. ನಮ್ಮ ಜನಪದ ಗೀತೆಗಳಲ್ಲಿ ಗಂಡನ ಮನೆಗೂ ತವರಿಗೂ ನಡುವೆ ಸುದ್ದಿ ಒಯ್ಯುವವನು ಬಳೆಗಾರನೇ ಆಗಿರುವುದು ಆಕಸ್ಮಿಕವಲ್ಲ. ಊರೂರು ತಿರುಗುವವನಿಗೆ ಎರಡು ಭಾಷೆ ಬೇಕು, ಹತ್ತು ಊರಿನ ನುಡಿಗಟ್ಟು ಬೇಕು, ಎಲ್ಲಕ್ಕಿಂತ ಮಿಗಿಲಾಗಿ ಜನರ ದುಃಖವನ್ನು ಕೇಳುವ ಕಿವಿ ಬೇಕು. ತಾತಯ್ಯನವರ ಪದಗಳಲ್ಲಿ ಕಾಣುವ ಆಡುಮಾತಿನ ಚುರುಕನ್ನು ಯಾವ ಗುರುಕುಲವೂ ಕಲಿಸಿದ್ದಲ್ಲ. ಅದು ಜಗಲಿಗಳಲ್ಲಿ ಕಲಿತದ್ದು ಎಂದೇ ನನ್ನ ಭಾವನೆ.

ಆದರೆ ನಾರಾಯಣಪ್ಪನವರು ಒಳ್ಳೆಯ ವ್ಯಾಪಾರಿಯಾಗಿರಲಿಲ್ಲ. ಬಳೆ ತೊಡುವ ಹೆಂಗಸರಲ್ಲಿ ದೇವಿಯನ್ನು ಕಂಡು ಹಣ ಕೇಳುವುದನ್ನೇ ಮರೆಯುತ್ತಿದ್ದರಂತೆ. ಮಲಾರವನ್ನು ಮರದ ಕೊಂಬೆಗೆ ತೂಗುಹಾಕಿ ಧ್ಯಾನಕ್ಕೆ ಕುಳಿತುಬಿಡುತ್ತಿದ್ದರಂತೆ. ಮನೆಯಲ್ಲಿ ಪತ್ನಿ ಮುನೆಮ್ಮ ಕಾದಿರುತ್ತಿದ್ದಳು. ಜಗಳವಾಯಿತು, ಗಂಡ ಮನೆ ಬಿಟ್ಟು ಹೊರಟನು ಎಂದು ಕಥೆ ಹೇಳುತ್ತದೆ. ಹರಿಕಥೆಯವರು ಮುನೆಮ್ಮನನ್ನು ಗಯ್ಯಾಳಿಯನ್ನಾಗಿ ಚಿತ್ರಿಸಿ ಸಭೆಯನ್ನು ನಗಿಸುವುದುಂಟು. ತುಕಾರಾಮರ ಮಡದಿಗೂ ಇದೇ ಗತಿ ಒದಗಿದೆ. ನನಗೆ ಈ ನಗೆ ಎಂದೂ ರುಚಿಸಿಲ್ಲ. ಮಾರಾಟವಾಗದ ಬಳೆ ಉಣ್ಣಲು ಬರುವುದಿಲ್ಲ. ಒಲೆ ಹೊತ್ತಿಸುವವಳಿಗೆ ಇದು ಗೊತ್ತಿರುತ್ತದೆ. ವೈರಾಗ್ಯದ ಬೆಲೆಯನ್ನು ಆ ಮನೆಯಲ್ಲಿ ಮೊದಲು ತೆತ್ತವಳು ಅವಳು.

ಮನೆ ಬಿಟ್ಟ ನಾರಾಯಣಪ್ಪನವರಿಗೆ ಬೆಟ್ಟದಲ್ಲಿ ಪರದೇಶಿ ಸ್ವಾಮಿ ಎಂಬ ಗುರು ದೊರೆತರು. ಅವರು ಅಷ್ಟಾಕ್ಷರೀ ಮಂತ್ರವನ್ನು ಉಪದೇಶಿಸಿ, ಒಂದು ಬೆಣಚುಕಲ್ಲನ್ನು ಕೊಟ್ಟು, ಇದನ್ನು ಬಾಯಲ್ಲಿಟ್ಟುಕೊಂಡು ಜಪಿಸು, ಇದು ಕಲ್ಲುಸಕ್ಕರೆಯಾಗಿ ಕರಗಿದ ದಿನ ನಿನಗೆ ಸಿದ್ಧಿ ಎಂದು ಅಪ್ಪಣೆ ಮಾಡಿದರೆಂದು ಪ್ರತೀತಿ. ನರಸಿಂಹ ಗುಹೆಯಲ್ಲಿ ಮೂರು ವರ್ಷ ತಪಸ್ಸು ನಡೆಯಿತು, ಕಲ್ಲು ಸಕ್ಕರೆಯಾಯಿತು. ಇದನ್ನು ಪವಾಡವೆಂದು ನಂಬುವವರು ನಂಬಲಿ. ಕಾವ್ಯವನ್ನು ಓದಿಸುವ ನನಗೆ ಇದರಲ್ಲಿ ಇನ್ನೊಂದು ಅರ್ಥ ತೋರುತ್ತದೆ. ಬಾಯಲ್ಲಿ ಕಲ್ಲಿಟ್ಟುಕೊಂಡವನು ಮಾತನಾಡಲಾರ. ಊರೆಲ್ಲ ಮಾತನಾಡಿ ಸರಕು ಮಾರುತ್ತಿದ್ದ ಒಬ್ಬ ಬಳೆಗಾರನಿಗೆ ಗುರು ಮೊದಲು ವಿಧಿಸಿದ್ದು ಮೌನ. ಆ ಮೌನ ಸಿಹಿಯಾದ ಮೇಲೆ ಹೊರಟದ್ದು ಹಾಡು.

ಅವರು ಬಾಳಿದ ಕಾಲ ನೆಮ್ಮದಿಯದಲ್ಲ. 1761ರಲ್ಲಿ ಹೈದರ್ ಅಲಿ ಮೈಸೂರಿನ ಅಧಿಕಾರವನ್ನು ಕೈಗೆ ತೆಗೆದುಕೊಂಡನು. 1767ರಿಂದ 1769ರವರೆಗೆ ನಡೆದ ಮೊದಲನೆಯ ಮೈಸೂರು ಯುದ್ಧದಲ್ಲಿ ಕೋಲಾರ, ಮುಳಬಾಗಿಲುಗಳು ಕೈಯಿಂದ ಕೈಗೆ ಹೋದುವು. ಅದರ ಬೆನ್ನಿಗೇ ಪೇಶ್ವೆ ಮಾಧವರಾಯನ ದಂಡು ಬಂತು. 1791ರ ಅಕ್ಟೋಬರಿನಲ್ಲಿ ಕಾರ್ನ್‌ವಾಲಿಸನ ಸೈನ್ಯ ನಂದಿದುರ್ಗವನ್ನು ಹತ್ತಿತು; ಆ ತೋಪಿನ ಸದ್ದು ಈ ಬಯಲಿನ ಹಳ್ಳಿಗಳಿಗೆ ಕೇಳಿಸದಿರಲಿಲ್ಲ. 1799ರಲ್ಲಿ ಶ್ರೀರಂಗಪಟ್ಟಣ ಬಿತ್ತು. 1831ರಲ್ಲಿ ಇಂಗ್ಲಿಷರು ಸಂಸ್ಥಾನದ ಆಡಳಿತವನ್ನೇ ವಹಿಸಿಕೊಂಡರು. ಇಷ್ಟನ್ನೂ ಒಂದೇ ಆಯುಷ್ಯದಲ್ಲಿ ಕಂಡವರು ಕಾಲವನ್ನು ಕುರಿತು ಹಾಡಿದುದರಲ್ಲಿ ಆಶ್ಚರ್ಯವಿಲ್ಲ. ಅವರ ತೆಲುಗು ಕಾಲಜ್ಞಾನ ಹುಟ್ಟಿದ್ದು ಇಂತಹ ದಿನಗಳಲ್ಲಿ. ಇಂದಿಗೂ ಬರವೋ ರೋಗವೋ ಬಂದಾಗ ಜನರು ತಾತಯ್ಯ ಮೊದಲೇ ಹೇಳಿದ್ದರು ಎಂದು ಕಾಲಜ್ಞಾನವನ್ನು ತಿರುವಿಹಾಕುತ್ತಾರೆ. ಅದನ್ನು ಪಂಚಾಂಗದಂತೆ ಓದುವುದು ಆ ಕೃತಿಗೆ ಅನ್ಯಾಯವೆಂದು ನನ್ನ ಅಭಿಪ್ರಾಯ. ಮುಂದಾಗುವುದನ್ನು ತಿಳಿಸುವ ಚಪಲಕ್ಕಿಂತ, ಆಗುತ್ತಿರುವುದನ್ನು ಕಂಡ ಸಂಕಟ ಅದರಲ್ಲಿ ಹೆಚ್ಚಾಗಿದೆ.

ಕಾಲಜ್ಞಾನದ ಜೊತೆಗೆ ಅಮರನಾರೇಯಣ ಶತಕವೇ ಮೊದಲಾದ ಕೃತಿಗಳೂ ಅನೇಕ ಕೀರ್ತನೆಗಳೂ ತತ್ತ್ವಪದಗಳೂ ಅವರ ಹೆಸರಿನಲ್ಲಿವೆ. ಊರ ದೇವರ ಹೆಸರೇ ಅವರ ಅಂಕಿತ. ಕೆಲವು ಪದಗಳಲ್ಲಿ ಅವರು ತಮ್ಮನ್ನು ನಾದಬ್ರಹ್ಮಾನಂದ ನಾರೇಯಣ ಕವಿ ಎಂದು ಕರೆದುಕೊಳ್ಳುತ್ತಾರೆ. ಅದೇ ಕಾಲದಲ್ಲಿ ತಮಿಳು ನಾಡಿನ ತಿರುವೈಯಾರಿನಲ್ಲಿ ತ್ಯಾಗರಾಜರು (1767–1847) ತೆಲುಗಿನಲ್ಲಿ ಹಾಡುತ್ತಿದ್ದರು. ಅವರ ಸಮಾಧಿಗೆ ಗುಡಿ ಕಟ್ಟಿಸಿದವರು ನಮ್ಮ ಬೆಂಗಳೂರು ನಾಗರತ್ನಮ್ಮನವರು. ತಮಿಳರು ತ್ಯಾಗರಾಜರನ್ನು ಪರಭಾಷೆಯವರೆಂದು ದೂರವಿಡಲಿಲ್ಲ, ಕನ್ನಡತಿಯೊಬ್ಬಳು ಅವರಿಗಾಗಿ ತನ್ನ ಸರ್ವಸ್ವವನ್ನೂ ವ್ಯಯಮಾಡಲು ಹಿಂಜರಿಯಲಿಲ್ಲ. ನಾವು ಕೈವಾರದ ವಿಷಯದಲ್ಲಿ ಮಾತ್ರ ಏಕೆ ಲೆಕ್ಕ ಹಾಕುತ್ತೇವೆ?

ತ್ಯಾಗರಾಜರ ಕೃತಿಗಳನ್ನು ಶಿಷ್ಯಪರಂಪರೆ ಕಾಪಾಡಿತು. ತಾತಯ್ಯನವರ ಪದಗಳನ್ನು ಹಳ್ಳಿಯ ಭಜನೆಮನೆಗಳು ಕಾಪಾಡಿದುವು. ಸುಗ್ಗಿ ಮುಗಿದ ಮೇಲೆ, ಶನಿವಾರ ಏಕಾದಶಿಗಳಂದು, ಸಾವಿನ ಮನೆಯ ಜಾಗರಣೆಯಲ್ಲಿ ಗಂಡಸರು ತಾಳ, ತಂಬೂರಿ, ಹಾರ್ಮೋನಿಯಂ ಹಿಡಿದು ಕೂಡುತ್ತಾರೆ. ಕೆಲವೆಡೆ ಮರದ ಚಕ್ಕೆಗಳನ್ನು ಹಿಡಿದು ಕುಣಿಯುವ ಚೆಕ್ಕಭಜನೆ. ಒಬ್ಬ ಎತ್ತಿಕೊಡುತ್ತಾನೆ, ಉಳಿದವರು ಎತ್ತಿಕೊಳ್ಳುತ್ತಾರೆ. ಮೊದಲ ಜಾವದಲ್ಲಿ ವಿಳಂಬವಾಗಿದ್ದ ಪದ ಮೂರನೆಯ ಜಾವದ ಹೊತ್ತಿಗೆ ಓಡತೊಡಗುತ್ತದೆ. ಓದುಬರಹವಿಲ್ಲದವರು ಶತಕದ ಪದ್ಯಗಳನ್ನು ಸರಾಗವಾಗಿ ಹೇಳುವುದನ್ನು ನಾನು ಕೇಳಿದ್ದೇನೆ. ಇದು ಭಕ್ತಿಯೋ ಸಂತೋಷಕೂಟವೋ ಎಂದು ಕೇಳುವ ಪಂಡಿತರಿದ್ದಾರೆ. ಹಗಲೆಲ್ಲ ದುಡಿದವನು ಬೆಳಗಿನ ತನಕ ನಿದ್ದೆಗೆಟ್ಟು ಹಾಡಬೇಕಾದರೆ ಅದರಲ್ಲಿ ಸಂತೋಷವಿರಲೇಬೇಕು. ಆ ಸಂತೋಷವನ್ನು ತೆಗೆದುಬಿಟ್ಟಿದ್ದರೆ ಪದಗಳು ಒಂದು ತಲೆಮಾರನ್ನೂ ದಾಟುತ್ತಿರಲಿಲ್ಲ.

ಹಾಡು ಹೀಗೆ ರಾತ್ರಿಯ ಕೂಟದಲ್ಲಿ ಬೆಳೆಯುವುದು ನಮ್ಮ ಸೀಮೆಯೊಂದರ ವಿಶೇಷವಲ್ಲ. ಬ್ರೆಜಿಲ್ ದೇಶದ ರಿಯೋ ನಗರದ ಸಾಂಬಾ ಗೀತ ಇಂದು ಲೋಕಪ್ರಸಿದ್ಧವಾಗಿದೆ. ಅದನ್ನು ಕೇಳಿ ಕುಣಿಯಲು ದೂರದೇಶಗಳಿಂದ ಜನ ಹೋಗುತ್ತಾರೆ. ಅದರ ಹುಟ್ಟುಮನೆಗಳಲ್ಲಿ ಒಂದು, ಬೀದಿಯಲ್ಲಿ ಸಿಹಿತಿಂಡಿ ಮಾರುತ್ತಿದ್ದ ಹೆಂಗಸೊಬ್ಬಳ ಮನೆ. ಇಲಾರಿಯಾ ಬಾತಿಸ್ತಾ ದೆ ಅಲ್ಮೇಯ್ದಾ ಎಂದು ಅವಳ ಹೆಸರು. ಜನ ಕರೆದದ್ದು ತೀಯಾ ಸಿಯಾತಾ ಎಂದು. ತೀಯಾ ಎಂದರೆ ಅತ್ತೆ, ಚಿಕ್ಕಮ್ಮ. ನಮ್ಮಲ್ಲಿ ತಾತಯ್ಯ, ಅಲ್ಲಿ ಅತ್ತೆಮ್ಮ! 1854ರಲ್ಲಿ ಬಾಹಿಯಾ ಪ್ರಾಂತದಲ್ಲಿ ಹುಟ್ಟಿ ರಿಯೋಗೆ ಬಂದು 1924ರಲ್ಲಿ ತೀರಿಕೊಂಡವಳು. ಆ ದೇಶದಲ್ಲಿ ಗುಲಾಮಗಿರಿ ರದ್ದಾದದ್ದು 1888ರಲ್ಲಿ. ಬಿಡುಗಡೆ ಹೊಂದಿದ ಕರಿಯ ಜನರ ತಮಟೆಯ ಸದ್ದನ್ನು ಕೇಳಿದರೆ ಪೋಲೀಸರು ಹಿಡಿಯುತ್ತಿದ್ದ ಕಾಲ ಅದು. ಅವಳ ಮನೆಯ ಹಿಂಭಾಗದಲ್ಲಿ ಮಾತ್ರ ರಾತ್ರಿ ಬಹಳ ಹೊತ್ತಿನವರೆಗೆ ಹಾಡು ಕುಣಿತಗಳು ನಡೆಯುತ್ತಿದ್ದುವು. ಅಲ್ಲಿಯೂ ಒಬ್ಬ ಎತ್ತಿಕೊಡುವುದು, ಸುತ್ತ ನಿಂತವರು ಎತ್ತಿಕೊಳ್ಳುವುದು.

ಇಲ್ಲೊಂದು ಸ್ವಾರಸ್ಯವಿದೆ. ಆ ಮನೆಯ ಕೂಟಗಳಲ್ಲಿ ಬೆಳೆದ ಪೆಲು ತೆಲೆಫೋನಿ ಎಂಬ ಹಾಡನ್ನು ಅಲ್ಲಿಗೆ ಬರುತ್ತಿದ್ದ ಗಾಯಕನೊಬ್ಬ 1916ರಲ್ಲಿ ತನ್ನ ಹೆಸರಿಗೆ ನೋಂದಾಯಿಸಿಕೊಂಡನು. 1917ರ ಕಾರ್ನಿವಲ್ ಹಬ್ಬದಲ್ಲಿ ಅದು ಮನೆಮಾತಾಯಿತು. ಅದು ಎಲ್ಲರದು, ಇವನೊಬ್ಬನದಲ್ಲ ಎಂದು ದೊಡ್ಡ ವ್ಯಾಜ್ಯವೆದ್ದಿತು. ಆತನನ್ನು ಜನ ಕರೆಯುತ್ತಿದ್ದ ಹೆಸರು ದೊಂಗ. ತೆಲುಗಿನಲ್ಲಿ ಆ ಮಾತಿಗೆ ಕಳ್ಳ ಎಂಬ ಅರ್ಥವಿರುವುದರಿಂದ ಚಿಂತಾಮಣಿಯವರು ಇದನ್ನು ಕೇಳಿದರೆ ನಗದಿರಲಾರರು. ಆತ ಒಳ್ಳೆಯ ಸಂಗೀತಗಾರ. ಆ ಅಪವಾದವನ್ನು ಹೊರಿಸುವುದು ನನ್ನ ಉದ್ದೇಶವಲ್ಲ. ನಮ್ಮ ದೇಶದ ಪದಕಾರರು ಅಂಕಿತವನ್ನು ಏಕೆ ಇಟ್ಟರೆಂಬುದು ಮಾತ್ರ ಈ ಪ್ರಸಂಗದಿಂದ ನನಗೆ ಇನ್ನಷ್ಟು ಸ್ಪಷ್ಟವಾಯಿತು. ಬರಹದ ಆಸರೆಯಿಲ್ಲದ ಹಾಡು ಬಾಯಿಂದ ಬಾಯಿಗೆ ಹೋಗುವಾಗ ಮಾತು ಬದಲಾಗುತ್ತದೆ, ಧಾಟಿ ಬದಲಾಗುತ್ತದೆ. ಕೊನೆಯ ಸಾಲಿನ ಅಂಕಿತ ಬದಲಾಗುವುದು ಅಪರೂಪ. ತಾತಯ್ಯನವರು ಅಲ್ಲಿ ಮೊದಲು ನಿಲ್ಲಿಸಿದ್ದು ತಮ್ಮ ಹೆಸರನ್ನಲ್ಲ, ತಮ್ಮ ಊರ ದೇವರ ಹೆಸರನ್ನು. ಹಾಗಾಗಿ ಹಾಡು ಎಲ್ಲರದೂ ಆಯಿತು, ಕೈವಾರದ್ದೂ ಆಗಿ ಉಳಿಯಿತು.

ಈಗ ಆಷಾಢದ ಗುರುಪೂರ್ಣಿಮೆಯ ಸಮಯಕ್ಕೆ ಕೈವಾರದಲ್ಲಿ ಮೂರು ಹಗಲು ಮೂರು ರಾತ್ರಿ, ಎಪ್ಪತ್ತೆರಡು ಗಂಟೆಗಳ ಕಾಲ, ಎಡೆಬಿಡದೆ ಸಂಗೀತೋತ್ಸವ ನಡೆಯುತ್ತದೆ. ಹೆಸರಾದ ವಿದ್ವಾಂಸರೂ ಬರುತ್ತಾರೆ, ಹಳ್ಳಿಯ ಭಜನೆಯ ತಂಡಗಳೂ ಬರುತ್ತವೆ. ನಾದಸ್ವರವಾದ ಮೇಲೆ ವೀಣೆ, ವೀಣೆಯಾದ ಮೇಲೆ ಹರಿಕಥೆ. ನನಗೆ ಮಾತ್ರ ಅಲ್ಲಿ ಅತ್ಯಂತ ಪ್ರಿಯವಾದದ್ದು ನಡುರಾತ್ರಿ ಕಳೆದ ಹೊತ್ತು. ಆಗ ದೊಡ್ಡ ವಿದ್ವಾಂಸರ ಸರದಿ ಮುಗಿದಿರುತ್ತದೆ. ಕಂಬಗಳಿಗೊರಗಿ ಮುದುಕಿಯರು ಕುಳಿತಿರುತ್ತಾರೆ. ಮಕ್ಕಳು ತಾಯಂದಿರ ಸೆರಗಿನಡಿ ನಿದ್ರಿಸಿರುತ್ತವೆ. ಗೂಡಿನ ಮಾರುಕಟ್ಟೆಯಿಂದ ನೇರವಾಗಿ ಬಂದ ಶಿಡ್ಲಘಟ್ಟದ ರೈತರು, ಹಿಂದೂಪುರದ ಕಡೆಯಿಂದ ಗೌರಿಬಿದನೂರನ್ನು ಹಾದು ಬಂದ ಭಕ್ತರು, ಯಾವ ಊರಿನವರೆಂದು ತಿಳಿಯದವರು. ಆ ಹೊತ್ತಿಗೆ ಏರುವ ಭಜನೆಯವರ ಶ್ರುತಿ ಒಮ್ಮೊಮ್ಮೆ ತಪ್ಪುವುದುಂಟು. ಕೇಳುವವರು ಅದನ್ನು ಗಮನಿಸುವುದಿಲ್ಲ; ಅವರೂ ಹಾಡುತ್ತಿರುತ್ತಾರೆ.

ಅಂತಹ ಒಂದು ರಾತ್ರಿ ನನ್ನ ವಿದ್ಯಾರ್ಥಿನಿಯೊಬ್ಬಳು ತನ್ನ ಅಜ್ಜಿಯೊಡನೆ ಅಲ್ಲಿಗೆ ಬಂದಿದ್ದಳು. ಮನೆಯಲ್ಲಿ ತೆಲುಗಾಡಿ ಶಾಲೆಯಲ್ಲಿ ಕನ್ನಡ ಕಲಿತವಳು. ತರಗತಿಯಲ್ಲಿ ತನ್ನ ಮನೆಮಾತು ಯಾವುದೆಂದು ಹೇಳಲು ಸಂಕೋಚಪಡುತ್ತಿದ್ದವಳು. ಅವಳ ಕೈಯಲ್ಲಿ ತಾತಯ್ಯನವರ ಪದಗಳ ಪುಸ್ತಕವಿತ್ತು: ಭಾಷೆ ತೆಲುಗು, ಲಿಪಿ ಕನ್ನಡ. ಈ ಸೀಮೆಯ ಸಾವಿರಾರು ಮನೆಗಳ ಸ್ಥಿತಿಯನ್ನು ಆ ಅಚ್ಚಿನ ಪುಟಕ್ಕಿಂತ ಚೆನ್ನಾಗಿ ಯಾವ ಭಾಷಾಶಾಸ್ತ್ರಜ್ಞನೂ ಬರೆಯಲಾರ. ಇವರು ನಮ್ಮ ಪಠ್ಯದಲ್ಲಿ ಏಕಿಲ್ಲ ಸಾರ್ ಎಂದು ಅವಳು ಕೇಳಿದಳು. ತೆಲುಗೆಂಬ ಕಾರಣವನ್ನು ನಾನು ಹೇಳಬಹುದಿತ್ತು. ಆದರೆ ಪಕ್ಕದಲ್ಲಿ ಅವಳ ಅಜ್ಜಿ ಆ ತೆಲುಗನ್ನು ಹಾಡುತ್ತಿದ್ದಳು, ಮೊಮ್ಮಗಳು ಅದನ್ನು ನನ್ನ ಅಕ್ಷರಗಳಲ್ಲಿ ಓದುತ್ತಿದ್ದಳು. ಮರುವರ್ಷದಿಂದ ತತ್ತ್ವಪದಗಳ ಪಾಠ ಬಂದಾಗ ನಾನು ಶಿಶುನಾಳ ಶರೀಫರ ಜೊತೆಗೆ ಕೈವಾರದವರ ಕನ್ನಡ ಪದಗಳನ್ನೂ ತೆಲುಗು ಪದಗಳನ್ನೂ ಓದಿಸುತ್ತೇನೆ. ಪರೀಕ್ಷೆಗೆ ಅದು ಬರುವುದಿಲ್ಲ. ತೆಲುಗು ಬಲ್ಲ ಮಕ್ಕಳು ಬಾರದವರಿಗೆ ಅರ್ಥ ಹೇಳಿಕೊಡುತ್ತಾರೆ.

ತಾತಯ್ಯನವರು 1836ರಲ್ಲಿ, ನೂರಹತ್ತು ವರ್ಷ ತುಂಬಿದವರಾಗಿ, ಕೈವಾರದಲ್ಲಿಯೇ ಜೀವಸಮಾಧಿ ಹೊಂದಿದರೆಂದು ಅವರ ಭಕ್ತರು ಹೇಳುತ್ತಾರೆ. ಸಮಾಧಿಯ ಸುತ್ತ ಇಂದು ವಿಶಾಲವಾದ ಮಠವಿದೆ. ನಿತ್ಯ ಅನ್ನದಾನ ನಡೆಯುತ್ತದೆ. 1961ರಲ್ಲಿ ಕೈವಾರ ಮಹಾತ್ಮೆ ಎಂಬ ಚಲಚ್ಚಿತ್ರವೂ ಬಂದಿತು. ತಪಸ್ಸು ಮಾಡಿದ ಗುಹೆಯನ್ನು ನೋಡಲು ಬೆಟ್ಟ ಹತ್ತುವವರು ಪ್ರತಿದಿನವೂ ಇದ್ದಾರೆ. ಕೆಳಗೆ ಮಠದ ಬಳಿಯ ಅಂಗಡಿಗಳಲ್ಲಿ ಪದಗಳ ಪುಸ್ತಕ ಸಿಗುತ್ತದೆ, ಕಲ್ಲುಸಕ್ಕರೆ ಸಿಗುತ್ತದೆ, ಗಾಜಿನ ಬಳೆಯೂ ಸಿಗುತ್ತದೆ.